ಹಳೆಯ ವಾಚು, ಕೈಯಾರೆ ಮಾಡಿದ ಬಿಡಿಭಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳೆಯ ವಾಚುಗಳನ್ನು ಬಿಚ್ಚಿ ಸರಿಪಡಿಸುವುದನ್ನು ಹವ್ಯಾಸವಾಗಿ ಕಲಿಯುವ ಆಸೆ ಇದೆ. ಮನೆಯಲ್ಲಿ ತಾತನ ಕಾಲದ ಕೀ ಕೊಡುವ ವಾಚೊಂದು ನಿಂತುಹೋಗಿದೆ. ಅದರಿಂದಲೇ ಶುರು ಮಾಡಬಹುದೇ?

ಉತ್ತರ: ಅದನ್ನು ಸದ್ಯಕ್ಕೆ ಮುಟ್ಟಬೇಡಿ. ಕೈ ಪಳಗುವ ತನಕ ಸ್ಕ್ರೂ ತಲೆ ಗೀರುತ್ತದೆ, ಚಿಮಟದ ತುದಿಯಿಂದ ಭಾಗಗಳು ಸಿಡಿದು ಕಾಣೆಯಾಗುತ್ತವೆ, ಹೇರ್‌ಸ್ಪ್ರಿಂಗ್ (ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ತೂಗಿಸುವ ಸಣ್ಣ ಸುರುಳಿ) ಸೊಟ್ಟಗಾಗುತ್ತದೆ. ಇದೆಲ್ಲ ಆಗಬೇಕಾದದ್ದು ಸುಲಭವಾಗಿ ಬಿಡಿಭಾಗ ಸಿಗುವ ಯಂತ್ರದ ಮೇಲೆ. ಯುನಿಟಾಸ್ 6497 ಎಂಬ ಸ್ವಿಸ್ ವಾಚು ಯಂತ್ರ ಅಥವಾ ಅದರ ನಕಲೊಂದನ್ನು ತೆಗೆದುಕೊಳ್ಳಿ. 36.6 ಮಿ.ಮೀ. ವ್ಯಾಸ, 17 ಜ್ಯೂಯೆಲ್ (ಅಚ್ಚುಗಳ ತುದಿ ತಿರುಗುವ ಮಾಣಿಕ್ಯದ ಕಲ್ಲುಗಳು), ಕ್ಯಾಲೆಂಡರ್ ಇಲ್ಲ, ಆಟೊಮ್ಯಾಟಿಕ್ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುವಷ್ಟು ದೊಡ್ಡದು. ಬಿಚ್ಚುವ ಮುನ್ನ ಹೇಗೆ ಓಡುತ್ತಿತ್ತೋ ಜೋಡಿಸಿದ ಮೇಲೂ ಹಾಗೇ ಓಡಬೇಕು. ಸತತವಾಗಿ ಹಾಗೆ ಆಗುವವರೆಗೆ ತಾತನ ವಾಚು ಪೆಟ್ಟಿಗೆಯಲ್ಲೇ ಇರಲಿ.

ಸ್ಕ್ರೂಡ್ರೈವರ್ 0.8, 1.0, 1.2, 1.6 ಮಿ.ಮೀ. ಇಷ್ಟಿದ್ದರೆ ಸಾಕು, ಆದರೆ ಹೊಸದನ್ನು ಹಾಗೇ ಬಳಸಬೇಡಿ. ಸಾಣೆಕಲ್ಲಿನ ಮೇಲೆ ತುದಿಯನ್ನು ಉಜ್ಜಿ, ಸ್ಕ್ರೂವಿನ ಸೀಳಿನಲ್ಲಿ ಅಲುಗಾಡದಂತೆ ತುಂಬಿ ಕೂರುವ ಹಾಗೆ ಮಾಡಿಕೊಳ್ಳಿ. ಹಳೆಯ ವಾಚುಗಳಲ್ಲಿ ಕಾಣುವ ಗೀರುಗಳಲ್ಲಿ ಬಹುಪಾಲು ತುದಿ ಹೊಂದದ ಸ್ಕ್ರೂಡ್ರೈವರಿನವು.

ಎರಡು ಎಚ್ಚರಿಕೆ. ಪ್ಯಾಲೆಟ್ ಫೋರ್ಕ್ (ಚಕ್ರಗಳನ್ನು ಒಂದೊಂದೇ ಹಲ್ಲಿನಷ್ಟು ಬಿಡುವ ಕವೆ) ತೆಗೆಯುವ ಮುಂಚೆ, ವಾಚಿಗೆ ಬಲ ಕೊಡುವ ಮೇನ್‌ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸಲೇಬೇಕು: ಕ್ರೌನನ್ನು (ಕೀ ಕೊಡುವ ಗುಂಡಿ) ಬೆರಳಲ್ಲಿ ಹಿಡಿದು, ಕ್ಲಿಕ್ಕನ್ನು (ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಪಕ್ಕಕ್ಕೆ ಸರಿಸಿ, ಕ್ರೌನ್ ಬೆರಳುಗಳ ನಡುವೆ ನಿಧಾನವಾಗಿ ಜಾರಲು ಬಿಡಿ. ಇಳಿಸದೆ ಫೋರ್ಕ್ ಎತ್ತಿದರೆ ಅಷ್ಟೂ ಬಲ ಚಕ್ರಗಳ ಮೇಲೆ ಒಮ್ಮೆಗೇ ಹರಿದು ಹಲ್ಲು, ಪಿವಟ್ (ಅಚ್ಚಿನ ಸಣ್ಣ ತುದಿ) ಮುರಿಯುತ್ತವೆ. ಎರಡನೆಯದು, ಹಲವು ಯಂತ್ರಗಳಲ್ಲಿ ಕ್ರೌನ್ ವೀಲಿನ (ಕೀ ಕೊಡುವಾಗ ತಿರುಗುವ ಚಕ್ರ) ಸ್ಕ್ರೂ ಎಡಮರೆಯದು, ಅಂದರೆ ಅದರ ಮರೆ (ಸ್ಕ್ರೂವಿನ ಸುತ್ತು) ಎದುರು ದಿಕ್ಕಿನದು. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬಾರದ ಸ್ಕ್ರೂವಿಗೆ ಬಲ ಹಾಕುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದೆ. ಟೈಮ್‌ಗ್ರಾಫರ್ (ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಉಪಕರಣ) ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಒಂದು ಬದಿಗೆ ತಿರುಗುವ ಕೋನ, 190 ಡಿಗ್ರಿ ತೋರಿಸುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಉಪಕರಣದಲ್ಲಿ ಲಿಫ್ಟ್ ಆಂಗಲ್ (ಬ್ಯಾಲೆನ್ಸ್ ಪ್ಯಾಲೆಟ್ ಫೋರ್ಕಿಗೆ ತಾಗಿಕೊಂಡು ತಿರುಗುವಷ್ಟು ಕೋನ) ಎಷ್ಟು ಇಟ್ಟಿದ್ದೀರಿ ನೋಡಿ. ಸಾಮಾನ್ಯವಾಗಿ 52 ಡಿಗ್ರಿ ಇರುತ್ತದೆ. ಯುನಿಟಾಸ್ 6497ಕ್ಕೆ ಬೇಕಾದದ್ದು 44. ಅದನ್ನು ಬದಲಿಸದೆ ಅಳೆದರೆ 190 ಇರುವುದು ಸುಮಾರು 225 ಎಂದು ಕಾಣುತ್ತದೆ. ಅಂದರೆ ನಿಮ್ಮ ವಾಚಿನ ನಿಜಸ್ಥಿತಿ ತೋರಿಸಿದ್ದಕ್ಕಿಂತ ಕೆಟ್ಟದಾಗಿಯೂ ಇರಬಹುದು. ಪೂರ್ತಿ ಕೀ ಕೊಟ್ಟು ಡಯಲ್ ಮೇಲೆ ಮಾಡಿ ಇಟ್ಟಾಗ 270ರಿಂದ 310 ಇದ್ದರೆ ಯಂತ್ರ ಆರೋಗ್ಯವಾಗಿದೆ.

ಆಮೇಲೆ ಬ್ಯಾಲೆನ್ಸ್ ಮತ್ತು ಪ್ಯಾಲೆಟ್ ಫೋರ್ಕ್ ಎರಡನ್ನೂ ತೆಗೆದಿಟ್ಟು ಒಂದೆರಡು ಕ್ಲಿಕ್ಕಿನಷ್ಟು ಮಾತ್ರ ಕೀ ಕೊಡಿ. ಚಕ್ರಗಳು ಸರಾಗವಾಗಿ ಓಡಿ, ನಿಲ್ಲುವಾಗ ಎಸ್ಕೇಪ್ ವೀಲ್ (ಸಾಲಿನ ಕೊನೆಯ ಚಕ್ರ) ತುಸು ಹಿಂದಕ್ಕೆ ತಿರುಗಿ ನಿಲ್ಲಬೇಕು. ತಟ್ಟನೆ ನಿಂತರೆ ತೊಂದರೆ ಚಕ್ರಗಳ ಸಾಲಿನಲ್ಲೇ ಇದೆ: ಜ್ಯೂಯೆಲ್ ತೂತಿನಲ್ಲಿ ಒಣಗಿದ ಎಣ್ಣೆ ಉಳಿದಿರಬಹುದು, ಹಲ್ಲಿನ ನಡುವೆ ನೂಲಿನ ಎಳೆ ಸಿಕ್ಕಿರಬಹುದು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಕಿದ ಮಾತ್ರಕ್ಕೆ ಜ್ಯೂಯೆಲ್ ತೂತು ಶುಚಿಯಾಯಿತು ಎಂದುಕೊಳ್ಳಬೇಡಿ. ಚೂಪು ಮಾಡಿದ ಪೆಗ್‌ವುಡ್ ಕಡ್ಡಿಯನ್ನು ತೂತಿನಲ್ಲಿ ತಿರುಗಿಸಿ, ಕೊಳೆ ಕಂಡರೆ ತುದಿ ಹೊಸದಾಗಿ ಹೆರೆದು ಮತ್ತೆ ತಿರುಗಿಸಿ. ಕಡ್ಡಿ ಬಿಳಿಯಾಗಿಯೇ ಹೊರಬರುವ ತನಕ ಬಿಡಬೇಡಿ.

ಚಕ್ರಗಳು ಸರಿಯಿದ್ದರೆ ಎಣ್ಣೆಯ ಕಡೆ ಬನ್ನಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಪ್ಯಾಲೆಟ್ ಫೋರ್ಕಿನ ಪಿವಟ್‌ಗಳಿಗೆ ಎಣ್ಣೆ ಹಾಕಲೇಬಾರದು. ಅದು ಸೆಕೆಂಡಿಗೆ ಐದಾರು ಸಲ ಅತ್ತಿತ್ತ ಹೊಯ್ದಾಡುವ ಭಾಗ, ಎಣ್ಣೆಯ ಅಂಟೇ ಅದಕ್ಕೆ ಭಾರ. ಪ್ಯಾಲೆಟ್ ಕಲ್ಲುಗಳ (ಫೋರ್ಕಿನ ತೋಳುಗಳಲ್ಲಿ ಚಕ್ರದ ಹಲ್ಲಿಗೆ ತಾಗುವ ಕಲ್ಲುಗಳು) ಮುಖಕ್ಕೆ ಮಾತ್ರ ಬೇಕೇಬೇಕು: ಮೀಬಿಯಸ್ ಕಂಪನಿಯ 9415 ಗ್ರೀಸನ್ನು ಕಣ್ಣಿಗೆ ಕಾಣುವ ಅತಿ ಸಣ್ಣ ಹನಿಯಾಗಿ ಕಲ್ಲಿನ ತುದಿಗೆ ಮುಟ್ಟಿಸಿ, ಎಸ್ಕೇಪ್ ವೀಲಿನ ಹಲ್ಲುಗಳು ಅದನ್ನು ಹಂಚಿಕೊಳ್ಳುವಂತೆ ಮಾಡಿ. ಬ್ಯಾಲೆನ್ಸ್ ಮತ್ತು ಎಸ್ಕೇಪ್ ವೀಲಿಗೆ ತೆಳುವಾದ 9010. ನಿಧಾನ ತಿರುಗುವ, ಹೆಚ್ಚು ಒತ್ತಡದ ಚಕ್ರಗಳಿಗೆ ದಪ್ಪನೆಯ ಎಚ್‌ಪಿ 1300 ಅಥವಾ ಡಿ5. ಜ್ಯೂಯೆಲಿನ ಬಟ್ಟಲು (ತೂತಿನ ಸುತ್ತಲಿನ ಗುಳಿ) ಅರ್ಧ ತುಂಬಿದರೆ ಸಾಕು. ತುಂಬಿ ತುಳುಕಿದ ಎಣ್ಣೆ ಪ್ಲೇಟಿನ ಮೇಲೆ ಹರಡಿ, ಬಟ್ಟಲಲ್ಲಿದ್ದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಹೆಚ್ಚು ಹಾಕಿದ ವಾಚು ಕೊನೆಗೆ ಎಣ್ಣೆಯಿಲ್ಲದೆ ಸವೆಯುವುದು ಹೀಗೆ.

ಇಷ್ಟಾದರೂ ಏರದಿದ್ದರೆ ಡಯಲ್ ಮೇಲೆ ಮತ್ತು ಡಯಲ್ ಕೆಳಗೆ ಎರಡೂ ಸ್ಥಿತಿಯಲ್ಲಿ ಅಳೆಯಿರಿ. ಒಂದರಲ್ಲಿ ಚೆನ್ನಾಗಿದ್ದು ಇನ್ನೊಂದರಲ್ಲಿ ಬಿದ್ದರೆ, ಬಿದ್ದ ಸ್ಥಿತಿಯಲ್ಲಿ ಕೆಳಗಿರುವ ಬ್ಯಾಲೆನ್ಸ್ ಪಿವಟ್ಟಿನ ತುದಿ ಚಪ್ಪಟೆಯಾಗಿದೆ ಅಥವಾ ಅದರ ಕ್ಯಾಪ್ ಜ್ಯೂಯೆಲ್ (ಪಿವಟ್ ತುದಿ ಊರುವ ಮುಚ್ಚಳದ ಕಲ್ಲು) ಕೊಳೆಯಾಗಿದೆ. ಎಲ್ಲ ಸ್ಥಿತಿಯಲ್ಲೂ ಸಮನಾಗಿ ಕಡಿಮೆ ಇದ್ದರೆ ದಣಿದ ಮೇನ್‌ಸ್ಪ್ರಿಂಗನ್ನು ಸಂಶಯಿಸಿ.

ತೊಳೆಯುವ ಬಗ್ಗೆಯೂ ಒಂದು ಮಾತು. ಪ್ಯಾಲೆಟ್ ಕಲ್ಲುಗಳನ್ನೂ ಬ್ಯಾಲೆನ್ಸಿನ ಇಂಪಲ್ಸ್ ಜ್ಯೂಯೆಲನ್ನೂ (ಫೋರ್ಕು ತಳ್ಳುವ ಕಲ್ಲು) ಹಿಡಿದಿಟ್ಟಿರುವುದು ಅರಗು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿಟ್ಟರೆ ಅದು ಕರಗಿ ಕಲ್ಲು ಕಳಚುತ್ತದೆ. ಈ ಎರಡು ಭಾಗಗಳಿಗೆ ನಾಫ್ತಾ (ಲೈಟರಿಗೆ ತುಂಬುವಂಥ ದ್ರವ) ಬಳಸಿ.

ಪ್ರಶ್ನೆ: ಸರಿಯಾಗಿ ಓಡುತ್ತಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಹೋಗುತ್ತಿದೆ.

ಉತ್ತರ: ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿವೆ. ಕಾರಣ ಎರಡರಲ್ಲಿ ಒಂದು: ಕಾಂತತ್ವ ಅಥವಾ ಎಣ್ಣೆ. ಡೀಮ್ಯಾಗ್ನೆಟೈಸರ್ ಮೇಲಿಟ್ಟು, ಗುಂಡಿ ಒತ್ತಿಹಿಡಿದೇ ವಾಚನ್ನು ಮೆಲ್ಲಗೆ ಒಂದು ಮೊಳ ದೂರ ಎತ್ತಿ, ಆಮೇಲೆ ಗುಂಡಿ ಬಿಡಿ. ಹತ್ತಿರವಿರುವಾಗಲೇ ಬಿಟ್ಟರೆ ಕಾಂತತ್ವ ಉಳಿಯಬಹುದು. ಅದರಿಂದ ಸರಿಹೋಗದಿದ್ದರೆ ಬ್ಯಾಲೆನ್ಸ್ ಬಿಚ್ಚಿ ಹೇರ್‌ಸ್ಪ್ರಿಂಗನ್ನು ನಾಫ್ತಾದಲ್ಲಿ ಅದ್ದಿ ತೆಗೆಯಿರಿ.

ಪ್ರಶ್ನೆ: ಹಳೆಯ ವಾಚಿನ ಸೆಟ್ಟಿಂಗ್ ಲಿವರ್ ಸ್ಪ್ರಿಂಗ್ ಮುರಿದಿದೆ. ಕ್ರೌನ್ ಎಳೆದರೆ ಮುಳ್ಳು ತಿರುಗಿಸುವ ಸ್ಥಾನದಲ್ಲಿ ನಿಲ್ಲುವುದಿಲ್ಲ. ಆ ಯಂತ್ರದ ಬಿಡಿಭಾಗ ಎಲ್ಲೂ ಸಿಗುತ್ತಿಲ್ಲ. ಕೈಯಲ್ಲೇ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು, ಲೇತ್ ಕೂಡ ಬೇಡ. ಗರಗಸ, ಅರ, ಬೆಂಕಿ ಸಾಕು. ಸ್ಪ್ರಿಂಗ್ ಕೆಲಸದ ಎಲ್ಲ ಪಾಠಗಳೂ ಈ ಒಂದು ಭಾಗದಲ್ಲಿ ಸಿಗುತ್ತವೆ.

ಮುರಿದ ತುಂಡುಗಳನ್ನು ಎಸೆಯಬೇಡಿ, ಅವೇ ನಿಮ್ಮ ನಕ್ಷೆ. ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಡಿ. 0.35 ಮಿ.ಮೀ. ಬಂದರೆ 0.5 ಮಿ.ಮೀ. ದಪ್ಪದ, ಹದ ಹಾಕದ (ಕಾಯಿಸಿ ಗಡುಸು ಮಾಡಿರದ) ಕಾರ್ಬನ್ ಟೂಲ್ ಸ್ಟೀಲ್ ತಗಡು ತೆಗೆದುಕೊಳ್ಳಿ. ಸಾಮಾನ್ಯ ಸ್ಟೇನ್‌ಲೆಸ್ ತಗಡು ಬೇಡ, ಅದು ಕಾಯಿಸಿ ಅದ್ದಿದರೆ ಗಡುಸಾಗುವುದಿಲ್ಲ. ತುಂಡುಗಳನ್ನು ಮುರಿದ ಜಾಗದಲ್ಲಿ ಕೂಡಿಸಿ ಸೂಪರ್‌ಗ್ಲೂನಿಂದ ತಗಡಿನ ಮೇಲೆ ಅಂಟಿಸಿ. ತಗಡು ದೊಡ್ಡದಾಗಿರುವಾಗಲೇ ತೂತುಗಳನ್ನು ಕೊರೆಯಿರಿ. ಆಕಾರ ಕತ್ತರಿಸಿದ ಮೇಲೆ ಹಿಡಿಯಲು ಜಾಗ ಇರುವುದಿಲ್ಲ.

ಕತ್ತರಿಸಲು 8/0 (ಅತಿ ಸಣ್ಣ ಹಲ್ಲಿನ) ಗರಗಸದ ಎಲೆ. 0.5 ಮಿ.ಮೀ. ತಗಡಿನಲ್ಲಿ ಇದರ ಒಂದೆರಡು ಹಲ್ಲು ಮಾತ್ರ ಕೂರುವುದರಿಂದ ಸಿಕ್ಕಿಕೊಂಡು ಎಲೆ ಮುರಿಯುತ್ತಲೇ ಇರುತ್ತದೆ. ತಗಡಿನ ಅಡಿಗೆ 1.5 ಮಿ.ಮೀ. ಹಿತ್ತಾಳೆ ಅಂಟಿಸಿ ಎರಡನ್ನೂ ಒಟ್ಟಿಗೆ ಕೊಯ್ದರೆ ಈ ಕಾಟ ತಪ್ಪುತ್ತದೆ. ಗೆರೆಯಿಂದ 0.2 ಮಿ.ಮೀ. ಹೊರಗೇ ಇರಿ. ಆಮೇಲೆ ಸಣ್ಣ ಅರದಿಂದ ಗೆರೆಗೆ ಬನ್ನಿ, ಆದರೆ ಸ್ಪ್ರಿಂಗಿನ ತೆಳು ತೋಳನ್ನು ಬೇಕಾದ್ದಕ್ಕಿಂತ ಕಾಲುಭಾಗ ಅಗಲವಾಗಿಯೇ ಬಿಡಿ.

ತೋಳನ್ನು ಯಾವಾಗಲೂ ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕೆ ಎಂದೂ ಅಲ್ಲ. ಅಡ್ಡ ಗೀರು ಎಷ್ಟೇ ಸಣ್ಣದಿದ್ದರೂ ತೋಳು ಬಾಗುವಾಗ ಒತ್ತಡವೆಲ್ಲ ಅಲ್ಲೇ ಸೇರಿ ಬಿರುಕು ಬಿಡುತ್ತದೆ. ಮುರಿದ ಹಳೆಯ ಭಾಗವನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿ. ತೋಳು ಮೈಗೆ ಸೇರುವ ಮೂಲೆಯಲ್ಲಿ ಮುರಿದಿದ್ದರೆ ಆ ಮೂಲೆ ಚೂಪಾಗಿತ್ತು ಎಂದರ್ಥ. ಹೊಸದರಲ್ಲಿ ಅದನ್ನು ದುಂಡಗೆ ಮಾಡಿ.

ಈಗ ಬೆಂಕಿ. ಬೋರಿಕ್ ಆಮ್ಲದ ಪುಡಿಯನ್ನು ಆಲ್ಕೋಹಾಲಿನಲ್ಲಿ ಕಲಸಿ ಭಾಗಕ್ಕೆ ಬಳಿದು ಒಣಗಿಸಿ, ಕಿಟ್ಟ ಕಟ್ಟುವುದಿಲ್ಲ. ತೆಳುವಾದ ಕಬ್ಬಿಣದ ತಂತಿಯಲ್ಲಿ ಕಟ್ಟಿ, ಮಬ್ಬು ಬೆಳಕಿನಲ್ಲಿ ಕಾಯಿಸಿ. ಜ್ವಾಲೆ ದಪ್ಪ ಭಾಗದ ಮೇಲಿರಲಿ. ತೋಳು ತಾನಾಗಿ ಕೆಂಪಾಗುತ್ತದೆ, ನೇರ ಬೆಂಕಿ ತಗುಲಿದರೆ ಸುಟ್ಟುಹೋಗುತ್ತದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್, ಅಂದರೆ ಚೆರ್ರಿ ಕೆಂಪು. ಕಣ್ಣಿನ ಅಂದಾಜು ಸಾಲದಿದ್ದರೆ ಕಾಂತ ಹಿಡಿಯಿರಿ: ಉಕ್ಕು ಸುಮಾರು 770 ಡಿಗ್ರಿಯಲ್ಲಿ ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ಸ್ವಲ್ಪವೇ ಮೇಲೆ ಹೋದರೆ ಸಾಕು. ಕೂಡಲೇ ನೆಟ್ಟಗೆ, ಅಂಚು ಮುಂದಾಗಿ ಎಣ್ಣೆಗೆ ಇಳಿಸಿ. ಅಡ್ಡಲಾಗಿ ಹಾಕಿದರೆ ಸೊಟ್ಟಗಾಗುತ್ತದೆ. ತಣ್ಣಗಾದ ಮೇಲೆ ಅರ ಎಳೆದು ನೋಡಿ: ಕಚ್ಚದೆ ಜಾರಿದರೆ ಗಡುಸಾಗಿದೆ. ಈ ಹೊತ್ತಿನಲ್ಲಿ ಅದು ಗಾಜಿನಷ್ಟು ಪೆಡಸು, ಬೀಳಿಸಬೇಡಿ.

ಬಣ್ಣ ಕಾಣಲು ಉಕ್ಕು ಹೊಳೆಯಬೇಕು. ಹಾಗಾಗಿ ಮರಳು ಕಾಗದದಿಂದ ಬೆಳಗಿ, ಜಿಡ್ಡು ತೆಗೆದು, ಬೆರಳು ತಾಗಿಸದೆ ಹಿತ್ತಾಳೆ ಅರಪುಡಿ ತುಂಬಿದ ತಟ್ಟೆಯಲ್ಲಿಟ್ಟು ಕೆಳಗಿನಿಂದ ಕಾಯಿಸಿ. ಪುಡಿ ಇರುವುದು ತೋಳೂ ಮೈಯೂ ಒಂದೇ ವೇಗದಲ್ಲಿ ಕಾಯಲೆಂದು. ಹುಲ್ಲಿನ ಹಳದಿ, ಕಂದು, ನೇರಳೆ ದಾಟಿ 300 ಡಿಗ್ರಿಯ ಸುಮಾರಿಗೆ ತುಂಬು ನೀಲಿ ಬರುತ್ತದೆ. ಸ್ಪ್ರಿಂಗಿಗೆ ಬೇಕಾದ ಹದ ಅದು. ಹಳದಿಯಲ್ಲೇ ನಿಲ್ಲಿಸಿದರೆ ಮೊದಲ ಬಾಗಿಗೇ ಮುರಿಯುತ್ತದೆ. ನೀಲಿ ಕಳೆದು ಬೂದು ಬಣ್ಣಕ್ಕೆ ಹೋದರೆ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತದೆ, ಮತ್ತೆ ಮೊದಲಿನಿಂದ ಕಾಯಿಸಿ ಅದ್ದಬೇಕು. ಕೊನೆಗೆ ಯಂತ್ರದಲ್ಲಿ ಕೂರಿಸಿ, ಕ್ರೌನ್ ಎಳೆದು ನೋಡುತ್ತಾ, ತೋಳನ್ನು ಎಣ್ಣೆಕಲ್ಲಿನ ಮೇಲೆ ಉದ್ದಕ್ಕೆ ಉಜ್ಜಿ ತೆಳುವಾಗಿಸಿ. ‘ಟಕ್’ ಎಂದು ಎರಡೂ ಸ್ಥಾನದಲ್ಲಿ ನಿಂತ ಕ್ಷಣ ಕೈ ತೆಗೆಯಿರಿ.

ಪ್ರಶ್ನೆ: ಹಿತ್ತಾಳೆ ಪ್ಲೇಟಿನೊಳಗೆ ಸ್ಕ್ರೂ ಮುರಿದು ಉಳಿದಿದೆ. ಕೊರೆದು ತೆಗೆಯಲೇ?

ಉತ್ತರ: ಕೊರೆಯಬೇಡಿ, ಡ್ರಿಲ್ ಗಡುಸು ಉಕ್ಕಿನಿಂದ ಜಾರಿ ಮೆತ್ತನೆಯ ಹಿತ್ತಾಳೆಯ ಮರೆಯನ್ನೇ ತಿನ್ನುತ್ತದೆ. ಬಿಸಿನೀರಿನಲ್ಲಿ ಕರಗುವಷ್ಟೂ ಪಟಿಕ ಕರಗಿಸಿ, ಗಾಜಿನ ಪಾತ್ರೆಯಲ್ಲಿ ಪ್ಲೇಟನ್ನು ಮುಳುಗಿಸಿ ಬೆಚ್ಚಗಿಡಿ. ಪಟಿಕ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯನ್ನೂ ಜ್ಯೂಯೆಲನ್ನೂ ಬಿಡುತ್ತದೆ. ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು. ಸ್ಕ್ರೂವಿನ ಗಾತ್ರ ನೋಡಿಕೊಂಡು ಕೆಲವು ಗಂಟೆಯಿಂದ ಒಂದೆರಡು ದಿನ ಹಿಡಿಯುತ್ತದೆ. ಪ್ಲೇಟಿನಲ್ಲಿ ಬೇರೆ ಯಾವ ಉಕ್ಕಿನ ಪಿನ್, ಸ್ಪ್ರಿಂಗ್ ಉಳಿದಿದ್ದರೂ ಅದೂ ಕರಗುತ್ತದೆ, ಮೊದಲೇ ಎಲ್ಲ ಬಿಚ್ಚಿಡಿ.

ಪ್ರಶ್ನೆ: ಸಣ್ಣ ಲೇತ್ ಕೊಂಡಿದ್ದೇನೆ. ಬ್ಯಾಲೆನ್ಸ್ ಸ್ಟಾಫ್ (ಬ್ಯಾಲೆನ್ಸ್ ಚಕ್ರದ ಅಚ್ಚು) ಮಾಡಲು ಯಾವ ಅಳತೆಗಳು ಮುಖ್ಯ?

ಉತ್ತರ: ಮೊದಲು ಸ್ಕ್ರೂ ಮಾಡಿ, ಆಮೇಲೆ ಕೀ ಸ್ಟೆಮ್ (ಕ್ರೌನ್ ಕೂರುವ ಕಡ್ಡಿ), ಸ್ಟಾಫ್ ಅದರ ನಂತರದ ಮಾತು. ಸ್ಟೆಮ್ಮಿನಲ್ಲಿ ಚೌಕ, ತೋಡು, 0.9 ಮಿ.ಮೀ. ಮರೆ ಎಲ್ಲ ಇದ್ದು, ನೂರರಲ್ಲೊಂದು ಮಿ.ಮೀ. ತಪ್ಪಿದರೂ ಅದು ಕ್ಷಮಿಸುತ್ತದೆ. ಸ್ಟಾಫ್ ಕ್ಷಮಿಸುವುದಿಲ್ಲ.

ಹಳೆಯ ಸ್ಟಾಫನ್ನು ಬ್ಯಾಲೆನ್ಸಿನಿಂದ ಸುಮ್ಮನೆ ಹೊಡೆದು ಹೊರಹಾಕಬೇಡಿ, ರಿವೆಟ್ (ಸ್ಟಾಫನ್ನು ಬ್ಯಾಲೆನ್ಸಿಗೆ ಹಿಡಿದಿಡುವ, ಬಡಿದು ಅಗಲಿಸಿದ ಅಂಚು) ತೂತನ್ನು ಹಿಗ್ಗಿಸುತ್ತದೆ. ಲೇತಿನಲ್ಲಿ ಹಿಡಿದು ರಿವೆಟ್ ಅಥವಾ ಹಬ್ (ಸ್ಟಾಫಿನ ದಪ್ಪ ನಡುಭಾಗ) ಕೊರೆದು ತೆಗೆದ ಮೇಲೆ ತಾನೇ ಬಿಡುತ್ತದೆ. ಪಿವಟ್ ಎರಡೂ ಮುರಿದಿದ್ದರೆ ಒಟ್ಟು ಉದ್ದವನ್ನು ಯಂತ್ರದಿಂದಲೇ ಪಡೆಯಬೇಕು: ಎರಡು ಕ್ಯಾಪ್ ಜ್ಯೂಯೆಲ್‌ಗಳ ಒಳಮುಖದ ನಡುವಿನ ಅಂತರದಲ್ಲಿ 0.02ರಿಂದ 0.04 ಮಿ.ಮೀ. ಕಳೆಯಿರಿ. ಪಿವಟ್ ದಪ್ಪ ಜ್ಯೂಯೆಲ್ ತೂತಿಗಿಂತ 0.01 ಮಿ.ಮೀ. ಕಡಿಮೆ, ತೂತು 0.11 ಇದ್ದರೆ ಪಿವಟ್ 0.10.

ಮೊದಲೇ ನೀಲಿ ಹದಕ್ಕೆ ತಂದ ಪಿವಟ್ ಸ್ಟೀಲ್ ಸರಳು ಬಳಸಿ. ಒಂದು ಬದಿಯ ಎಲ್ಲ ಮೆಟ್ಟಿಲುಗಳನ್ನೂ ಕಾಲೆಟ್ಟಿನಿಂದ (ಲೇತಿನಲ್ಲಿ ಸರಳನ್ನು ಬಿಗಿ ಹಿಡಿಯುವ ಭಾಗ) ತೆಗೆಯದೆ ಒಂದೇ ಹಿಡಿತದಲ್ಲಿ ಮುಗಿಸಿ. ತೆಗೆದು ಮತ್ತೆ ಹಾಕಿದ ಕೂಡಲೇ ಕೇಂದ್ರ ತಪ್ಪುತ್ತದೆ, ಅದು ಬ್ಯಾಲೆನ್ಸ್ ತಿರುಗುವಾಗಲೇ ಗೊತ್ತಾಗುವುದು. ತಿರುಗಿಸಿ ಇನ್ನೊಂದು ಬದಿ ಮಾಡುವಾಗ ಅರಗಿನ ಚಕ್ಕಿನಲ್ಲಿ, ಅರಗು ಬೆಚ್ಚಗಿರುವಾಗಲೇ ಓಟ ನೋಡಿಕೊಂಡು ನೇರ ಮಾಡಿ. ಪಿವಟ್‌ಗಳನ್ನು 0.01 ಮಿ.ಮೀ. ದಪ್ಪವಾಗಿ ಬಿಟ್ಟು ಉಳಿದದ್ದನ್ನು ಜಾಕೋ ಟೂಲಿನಲ್ಲಿ (ಪಿವಟ್ ನಯ ಮಾಡುವ ಸಾಧನ) ಬರ್ನಿಷರ್‌ನಿಂದ (ಗಡುಸು ಉಜ್ಜುಪಟ್ಟಿ) ಇಳಿಸಿ. ಬರ್ನಿಷರ್ ಮೇಲ್ಮೈಯನ್ನು ಒತ್ತಿ ಗಟ್ಟಿ ಮಾಡುತ್ತದೆ. ಬರಿಯ ಪಾಲಿಷ್ ಪಿವಟ್ ಹೊಳೆಯುತ್ತದೆ, ಆದರೆ ಬೇಗ ಸವೆಯುತ್ತದೆ. ರಿವೆಟ್ ಮಾಡುವಾಗ ಮೊದಲು ದುಂಡು ತುದಿಯ ಟೊಳ್ಳು ಪಂಚ್, ಆಮೇಲೆ ಚಪ್ಪಟೆಯದು. ಪ್ರತಿ ಪೆಟ್ಟಿಗೂ ಬ್ಯಾಲೆನ್ಸನ್ನು ಸ್ವಲ್ಪ ತಿರುಗಿಸುತ್ತಿರಿ.

ಪ್ರಶ್ನೆ: ಹಳೆಯ ಡಯಲ್ಲಿನ ಹೊಳೆಯುವ ಬಣ್ಣ ಉದುರುತ್ತಿದೆ. ಕೆರೆದು ಹೊಸದು ಹಚ್ಚಬಹುದೇ?

ಉತ್ತರ: ಕೆರೆಯಬೇಡಿ. 1960ರ ದಶಕದವರೆಗಿನ ಹಲವು ಡಯಲ್‌ಗಳಲ್ಲಿ ರೇಡಿಯಂ ಇದೆ. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಕತ್ತಲಲ್ಲಿ ಹೊಳೆಯದಿದ್ದರೆ ಅದರೊಂದಿಗಿನ ಸತುವಿನ ಸಲ್ಫೈಡ್ ಕೆಟ್ಟಿದೆ ಅಷ್ಟೆ, ವಿಕಿರಣ ಹಾಗೇ ಇದೆ. ಅಪಾಯ ಇರುವುದು ಉಸಿರಿನೊಂದಿಗೆ ಒಳಹೋಗುವ ಪುಡಿಯಲ್ಲಿ. ಡಯಲ್ಲಿನ ಕೆಳತುದಿಯಲ್ಲಿ ‘ಸ್ವಿಸ್’ ಪದದ ಅಕ್ಕಪಕ್ಕ ‘ಟಿ’ ಅಕ್ಷರ ಇದ್ದರೆ ಅದು ಟ್ರಿಟಿಯಂ, ಅರ್ಧಾಯುಷ್ಯ 12.3 ವರ್ಷ; ರೇಡಿಯಂನಷ್ಟು ಅಪಾಯವಿಲ್ಲದಿದ್ದರೂ ಅದನ್ನೂ ಪುಡಿ ಮಾಡಬಾರದು. ಗುರುತು ಇಲ್ಲದ ಹಳೆಯ ಡಯಲ್ಲನ್ನು ಗೈಗರ್ ಕೌಂಟರಿನಲ್ಲಿ ನೋಡದೆ ಬಿಚ್ಚಬೇಡಿ. ರೇಡಿಯಂ ಎಂದಾದರೆ ಉದುರುವ ಡಯಲ್ಲನ್ನು ಮುಚ್ಚಿದ ಪೊಟ್ಟಣದಲ್ಲಿಟ್ಟು, ವಿಕಿರಣ ವಸ್ತು ನಿರ್ವಹಿಸುವವರ ಸಲಹೆ ಪಡೆಯಿರಿ.

ಪ್ರಶ್ನೆ: ಬ್ಯಾರಲ್ (ಮೇನ್‌ಸ್ಪ್ರಿಂಗ್ ಇರುವ ಡಬ್ಬಿ) ಖಾಲಿ ಇದೆ, ಮೂಲ ಮೇನ್‌ಸ್ಪ್ರಿಂಗ್ ಇಲ್ಲ. ಅಳತೆ ಕಂಡುಹಿಡಿಯುವುದು ಹೇಗೆ?

ಉತ್ತರ: ಯಂತ್ರದ ಸಂಖ್ಯೆ ಗೊತ್ತಿದ್ದರೆ ಪಟ್ಟಿಯಲ್ಲಿ ನೋಡುವುದೇ ಸರಿ. ಇಲ್ಲದಿದ್ದರೆ ಅಗಲವನ್ನು ಬ್ಯಾರಲಿನ ತಳದಿಂದ ಮುಚ್ಚಳದವರೆಗಿನ ಎತ್ತರದಲ್ಲಿ 0.1 ಮಿ.ಮೀ. ಕಳೆದು ಪಡೆಯಿರಿ. ಉದ್ದಕ್ಕೆ ಒಂದು ನಿಯಮ ಇದೆ: ಆರ್ಬರಿನ (ಸ್ಪ್ರಿಂಗ್ ಸುತ್ತಿಕೊಳ್ಳುವ ನಡುವಿನ ಅಚ್ಚು) ವ್ಯಾಸ ಬ್ಯಾರಲಿನ ಒಳವ್ಯಾಸದ ಮೂರನೇ ಒಂದು ಭಾಗ, ಉಳಿದ ಜಾಗದಲ್ಲಿ ಸ್ಪ್ರಿಂಗ್ ಅರ್ಧವನ್ನು ತುಂಬಬೇಕು. ಹಾಗಿದ್ದಾಗ ಉದ್ದ ಮತ್ತು ದಪ್ಪದ ಗುಣಲಬ್ಧ ಒಳವ್ಯಾಸದ ವರ್ಗದ 0.349ರಷ್ಟು ಬರುತ್ತದೆ. ಒಳವ್ಯಾಸ 10 ಮಿ.ಮೀ., ಸ್ಪ್ರಿಂಗ್ ದಪ್ಪ 0.11 ಮಿ.ಮೀ. ಎಂದರೆ ಉದ್ದ ಸುಮಾರು 317 ಮಿ.ಮೀ.

ದಪ್ಪವೇ ಸೂಕ್ಷ್ಮ. ಬಲ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ 0.10ರ ಬದಲು 0.11 ಹಾಕಿದರೆ ಬಲ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಅನುಮಾನವಿದ್ದರೆ ತೆಳುವಾದದ್ದರಿಂದ ಆರಂಭಿಸಿ ಆಂಪ್ಲಿಟ್ಯೂಡ್ ನೋಡುತ್ತಾ ಮೇಲೇರಿ. 330 ಡಿಗ್ರಿಯ ಸಮೀಪಕ್ಕೆ ಹೋದರೆ ಇಂಪಲ್ಸ್ ಜ್ಯೂಯೆಲ್ ಸುತ್ತಿ ಬಂದು ಫೋರ್ಕಿನ ಹೊರಬದಿಗೆ ಬಡಿಯತೊಡಗುತ್ತದೆ. ಕುದುರೆ ಓಟದಂಥ ಸದ್ದು ಬಂದು ವಾಚು ಹುಚ್ಚಾಬಟ್ಟೆ ಮುಂದೋಡಿದರೆ ಸ್ಪ್ರಿಂಗ್ ಒಂದು ಅಳತೆ ಇಳಿಸಿ.