ಓದುಗರ ಪ್ರಶ್ನೆ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನ ಮೊದಲ ಹೆಜ್ಜೆಗಳು

ಹಿಂದಿನ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಹಳೆಯ ಆನ್‌ಲೈನ್ ಪಾತ್ರಧಾರಿ ಆಟದ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ಪೂರ್ತಿ ತುಂಬಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ಹಣ ಕೊಟ್ಟು ರೂನ್‌ಸ್ಕೇಪ್ ಆಡುತ್ತಿದ್ದೆ. ಈಗ ಹುಡುಕಿದರೆ ಅದೇ ಹೆಸರಿನ ಎರಡು ಆಟಗಳು ಸಿಗುತ್ತಿವೆ. ನಾನು ಆಡಿದ್ದು ಯಾವುದು? ನನ್ನ ಹಳೆಯ ಪಾತ್ರ ಸಿಗಬಹುದೇ? (ದಾವಣಗೆರೆಯ ಓದುಗರು)

ಉತ್ತರ: ನೀವು ಆಡಿದ್ದಕ್ಕೆ ಹತ್ತಿರವಾದದ್ದು ಹೆಸರಿನ ಹಿಂದೆ ‘ಓಲ್ಡ್ ಸ್ಕೂಲ್’ ಎಂದು ಬರೆದಿರುವ ಆಟ. ಮೂಲ ರೂನ್‌ಸ್ಕೇಪ್ 2001ರ ಜನವರಿ 4ರಂದು ಇಂಗ್ಲೆಂಡಿನಲ್ಲಿ ಬಿಡುಗಡೆಯಾಯಿತು. ಅದನ್ನು ಕಟ್ಟಿದವರು ಆಂಡ್ರ್ಯೂ ಗೋವರ್ ಮತ್ತು ಅವರ ಸಹೋದರ ಪಾಲ್. ಮುಂದೆ ಅದನ್ನು ನಡೆಸಿಕೊಂಡು ಬಂದದ್ದು ಕೇಂಬ್ರಿಜ್‌ನ ಜಾಗೆಕ್ಸ್ ಸಂಸ್ಥೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರಿಂದ ಅದು ಬ್ರೌಸರ್ ಒಳಗೇ ಓಡುತ್ತಿತ್ತು. ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಕೆಫೆ ಕಂಪ್ಯೂಟರಿನಲ್ಲಿ ನಿಮಗೆ ಆಡಲು ಸಾಧ್ಯವಾದದ್ದು ಈ ಕಾರಣದಿಂದಲೇ. ಆ ಆಟ ವರ್ಷ ಕಳೆದಂತೆ ಬಹಳ ಬದಲಾಯಿತು; ಅದರಲ್ಲೂ 2012ರ ಕೊನೆಯಲ್ಲಿ ಕಾದಾಟದ ಕ್ರಮವನ್ನೇ ಹೊಸದಾಗಿ ಮಾಡಿದಾಗ ಹಳಬರಲ್ಲಿ ಅನೇಕರು ಬಿಟ್ಟು ಹೋದರು. ಸಂಸ್ಥೆಯ ಬಳಿ 2007ರ ಆಗಸ್ಟಿನ ಒಂದು ಬ್ಯಾಕಪ್ ಉಳಿದಿತ್ತು. ಅದನ್ನು ಮತ್ತೆ ತೆರೆಯಬೇಕೇ ಎಂದು ಆಟಗಾರರನ್ನೇ ಮತಕ್ಕೆ ಕರೆದು, 2013ರ ಫೆಬ್ರವರಿ 22ರಂದು ಅದನ್ನು ಓಲ್ಡ್ ಸ್ಕೂಲ್ ಎಂಬ ಹೆಸರಿನಲ್ಲಿ ಪ್ರತ್ಯೇಕ ಆಟವಾಗಿ ಹೊರತಂದರು. ಅಂದಿನಿಂದ ದೊಡ್ಡ ಬದಲಾವಣೆ ಏನೇ ಇದ್ದರೂ ಆಟಗಾರರ ಮತಕ್ಕೆ ಹೋಗುವ ರೂಢಿ ಬೆಳೆದಿದೆ. ಮೊದಲು ನೂರಕ್ಕೆ 75 ಮತ ಬೇಕಾಗಿತ್ತು, 2022ರಿಂದ 70 ಸಾಕು.

ಹಳೆಯ ಪಾತ್ರದ ಆಸೆ ಮಾತ್ರ ಬಿಡಿ. 2013ರಲ್ಲಿ ಬಂದವರೆಲ್ಲರೂ, ಮೊದಲು ಎಷ್ಟೇ ದೊಡ್ಡ ಯೋಧರಾಗಿದ್ದರೂ, ಬರಿಗೈಯಲ್ಲಿ ಹೊಸದಾಗಿಯೇ ಆರಂಭಿಸಿದರು. ನೀವೂ ಹಾಗೆಯೇ ಆರಂಭಿಸುತ್ತೀರಿ. ಅದರಲ್ಲಿ ನಷ್ಟವೇನೂ ಇಲ್ಲ ಎಂಬುದು ನನ್ನ ಅನುಭವ.

ಪ್ರಶ್ನೆ: ಕಲಿಕೆಯ ದ್ವೀಪವನ್ನು ಮುಗಿಸಿ ಲಂಬ್ರಿಜ್ ಎಂಬ ಊರಿಗೆ ಬಂದಿದ್ದೇನೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ಯಾರೂ ಹೇಳುತ್ತಿಲ್ಲ. ಒಂದು ಗಂಟೆ ಸುಮ್ಮನೆ ಸುತ್ತಾಡಿ ಹೊರಬಂದೆ. ಎಲ್ಲಿಂದ ಆರಂಭಿಸಲಿ? (ಹಾಸನದ ಪದವಿ ವಿದ್ಯಾರ್ಥಿ)

ಉತ್ತರ: ಆ ಒಂದು ಗಂಟೆ ವ್ಯರ್ಥವಾಗಿಲ್ಲ. ಈ ಆಟದಲ್ಲಿ ಬಾಣದ ಗುರುತು ತೋರಿಸಿ ಕೈಹಿಡಿದು ನಡೆಸುವವರು ಕಡಿಮೆ. ಯಾವ ಊರಿನಲ್ಲಿ ಏನು ಸಿಗುತ್ತದೆ, ಸಾಮಾನು ಕೂಡಿಡುವ ಬ್ಯಾಂಕ್ ಎಲ್ಲಿದೆ, ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳುವುದೇ ಮೊದಲ ವಾರದ ನಿಜವಾದ ಪಾಠ. ಕತ್ತಿ ಹಿಡಿದು ಕಾಡಿಗೆ ನುಗ್ಗುವ ಮುನ್ನ ಕೋಟೆಯ ಅಡುಗೆಮನೆಗೆ ಹೋಗಿ. ಅಲ್ಲಿನ ಅಡುಗೆಯವನು ಕೊಡುವ ಕೆಲಸಕ್ಕೆ ‘ಕುಕ್ಸ್ ಅಸಿಸ್ಟೆಂಟ್’ ಎಂದು ಹೆಸರು. ಹೀಗೆ ಒಪ್ಪಿಸುವ ಕೆಲಸವನ್ನು ಆಟದಲ್ಲಿ ಕ್ವೆಸ್ಟ್ ಎನ್ನುತ್ತಾರೆ. ಊರಿನ ದೊರೆಯ ಹುಟ್ಟುಹಬ್ಬ ಬಂದಿದೆ, ಕೇಕ್ ಮಾಡಬೇಕು, ಸಾಮಾನು ಇಲ್ಲ. ನೀವು ತರಬೇಕಾದದ್ದು ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು, ಅಷ್ಟೇ.

ಖಾಲಿ ಬಕೆಟ್ಟೂ ಮಡಕೆಯೂ ದ್ವೀಪ ಬಿಡುವಾಗಲೇ ನಿಮ್ಮ ಚೀಲಕ್ಕೆ ಬಂದಿರುತ್ತವೆ. ಬಿಸಾಡಿದ್ದರೆ ಊರಿನ ಜನರಲ್ ಸ್ಟೋರ್‌ನಲ್ಲಿ ಒಂದೆರಡು ನಾಣ್ಯಕ್ಕೆ ಸಿಗುತ್ತವೆ. ಮೊಟ್ಟೆ ಕೋಳಿ ಸಾಕಣೆಯ ಅಂಗಳದಲ್ಲಿ ನೆಲದ ಮೇಲೆಯೇ ಬಿದ್ದಿರುತ್ತದೆ. ಹಾಲಿಗೆ ಎಲ್ಲ ಹಸುಗಳೂ ಆಗುವುದಿಲ್ಲ. ಕರೆಯುವ ಹಸು ಎಂದೇ ಬೇರೆಯಾಗಿ ಹೆಸರಿರುವ ಒಂದನ್ನು ಹುಡುಕಿ ಅದರ ಮೇಲೆ ಕ್ಲಿಕ್ ಮಾಡಬೇಕು. ಹಿಟ್ಟಿನದೇ ಸ್ವಲ್ಪ ಕೆಲಸ. ಊರಿನ ಉತ್ತರಕ್ಕೆ ಗಾಳಿಯಂತ್ರದ ಗಿರಣಿಯೊಂದಿದೆ. ಪಕ್ಕದ ಹೊಲದಲ್ಲಿ ಒಂದು ಗೋಧಿ ತೆನೆ ಕಿತ್ತುಕೊಂಡು, ಏಣಿ ಹತ್ತಿ ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ಹೋಗಿ, ಅಲ್ಲಿನ ಬಾನಿಗೆ ತೆನೆ ಹಾಕಿ, ಪಕ್ಕದ ಸನ್ನೆಕೋಲನ್ನು ಎಳೆದು, ಮತ್ತೆ ಕೆಳಗೆ ಇಳಿದು ಬಂದರೆ ನೆಲ ಅಂತಸ್ತಿನ ತೊಟ್ಟಿಯಲ್ಲಿ ಹಿಟ್ಟು ಬಿದ್ದಿರುತ್ತದೆ. ಖಾಲಿ ಮಡಕೆಯಲ್ಲಿ ಅದನ್ನು ತುಂಬಿಕೊಳ್ಳಬೇಕು. ಸನ್ನೆ ಎಳೆಯಲು ಮರೆತು ಕೆಳಗಿಳಿದು ಖಾಲಿ ತೊಟ್ಟಿಯನ್ನು ನೋಡುತ್ತ ನಿಂತವರಲ್ಲಿ ಈ ಅಂಕಣಕಾರನೂ ಒಬ್ಬ. ಇದಕ್ಕೆಲ್ಲ ಸಿಗುವ ಪ್ರತಿಫಲ 300 ಅಡುಗೆಯ ಅನುಭವಾಂಕ (ಕೌಶಲದ ಲೆವೆಲ್ ಏರಿಸುವ ಅಂಕ), ಒಂದು ಕ್ವೆಸ್ಟ್ ಪಾಯಿಂಟ್, ಜೊತೆಗೆ ಆ ಅಡುಗೆಮನೆಯ ಒಲೆಯನ್ನು ಬಳಸುವ ಹಕ್ಕು. ಆ ಒಲೆಯಲ್ಲಿ ಕೆಲವು ಅಡುಗೆ ಸೀಯುವುದು ಕಡಿಮೆ.

ಇಷ್ಟು ಸಣ್ಣ ಕೆಲಸವನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಒಂದು ವಸ್ತುವನ್ನು ಇನ್ನೊಂದರ ಮೇಲೆ ಬಳಸುವುದು, ಅಂತಸ್ತು ಹತ್ತಿ ಇಳಿಯುವುದು, ಮಾತನಾಡಿಸಿ ಸುಳಿವು ಪಡೆಯುವುದು ಎಲ್ಲವೂ ಇದರಲ್ಲಿ ಬಂದುಹೋಗುತ್ತವೆ, ಮುಂದಿನ ದೊಡ್ಡ ಕ್ವೆಸ್ಟ್‌ಗಳೂ ಇದೇ ಅಚ್ಚಿನವು. ಇದರ ನಂತರ ಅದೇ ಊರಿನ ಚರ್ಚಿನಲ್ಲಿ ಆರಂಭವಾಗುವ ‘ರೆಸ್ಟ್‌ಲೆಸ್ ಘೋಸ್ಟ್’ ಮಾಡಿ. ಅದು ಕೊಡುವುದು 1,125 ಪ್ರಾರ್ಥನೆಯ ಅನುಭವಾಂಕ. ಸಾಮಾನ್ಯ ಮೂಳೆಯೊಂದನ್ನು ಹೂಳಿದರೆ ಸಿಗುವುದು ನಾಲ್ಕೂವರೆ. ಅಂದರೆ 250 ಮೂಳೆ ಹೂಳುವ ಕೆಲಸ ಒಂದು ದೆವ್ವದ ಉಪಕಾರದಿಂದ ಮುಗಿಯುತ್ತದೆ. ಹೊಸಬರು ಕ್ವೆಸ್ಟ್ ಬಿಟ್ಟು ಬರೀ ಹೊಡೆದಾಡುವುದು ಏಕೆ ದಡ್ಡತನ ಎಂಬುದಕ್ಕೆ ಈ ಲೆಕ್ಕವೇ ಸಾಕು.

ಕೊನೆಗೆ ಎರಡು ಮಾತು. ಚೀಲದಲ್ಲಿ 28 ಮನೆಗಳಷ್ಟೇ ಇವೆ, ಆದ್ದರಿಂದ ಬ್ಯಾಂಕ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಲಂಬ್ರಿಜ್‌ನಲ್ಲಿ ಅದು ಕೋಟೆಯ ಮೇಲಿನ ಅಂತಸ್ತಿನಲ್ಲಿ ಅಡಗಿದೆ. ದಾರಿ ತಪ್ಪಿದರೆ ಮಂತ್ರಗಳ ಪುಟದಲ್ಲಿರುವ, ಆರಂಭದ ಊರಿಗೆ ಮರಳಿಸುವ ಹೋಮ್ ಟೆಲಿಪೋರ್ಟ್ ಬಳಸಿ. ಅದಕ್ಕೆ ಖರ್ಚಿಲ್ಲ, ಆದರೆ ಒಮ್ಮೆ ಬಳಸಿದರೆ ಮತ್ತೆ 30 ನಿಮಿಷ ಕಾಯಬೇಕು.

ಪ್ರಶ್ನೆ: ಶತ್ರುವಿನ ಮೇಲೆ ಎಷ್ಟು ಸಲ ಕ್ಲಿಕ್ ಮಾಡಿದರೂ ನನ್ನ ಪಾತ್ರ ತನ್ನ ಪಾಡಿಗೆ ನಿಧಾನವಾಗಿ ಹೊಡೆಯುತ್ತದೆ. ಇದು ನಮ್ಮ ಇಂಟರ್ನೆಟ್‌ನ ದೋಷವೇ? ಮತ್ತೆ, ಯಾವ ಆಯುಧ ಕೊಳ್ಳಲಿ? (ಹುಬ್ಬಳ್ಳಿಯ ಓದುಗರು)

ಉತ್ತರ: ಇಂಟರ್ನೆಟ್ ನಿರಪರಾಧಿ. ಈ ಆಟದ ಗಡಿಯಾರ 0.6 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಆಡುವವರು ಇದನ್ನು ‘ಟಿಕ್’ ಎನ್ನುತ್ತಾರೆ. ನಡೆಯುವುದು, ತಿನ್ನುವುದು, ಹೊಡೆಯುವುದು ಎಲ್ಲವೂ ಆ ಮಿಡಿತಕ್ಕೆ ಕಟ್ಟುಬಿದ್ದಿವೆ. ಸಿಮಿಟಾರ್ ಎಂಬ ಬಾಗಿದ ಕತ್ತಿ ನಾಲ್ಕು ಟಿಕ್‌ಗೆ ಒಮ್ಮೆ, ಅಂದರೆ 2.4 ಸೆಕೆಂಡಿಗೆ ಒಮ್ಮೆ ಹೊಡೆಯುತ್ತದೆ. ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ ಏಳು ಟಿಕ್‌ಗೆ ಒಮ್ಮೆ. ಒಮ್ಮೆ ಕ್ಲಿಕ್ ಮಾಡಿದರೆ ಸಾಕು, ಹತ್ತು ಸಲ ಮಾಡಿದರೂ ಹೊಡೆತ ಬೇಗ ಬೀಳುವುದಿಲ್ಲ. ಆಯುಧದ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ದೊಡ್ಡ ಕತ್ತಿಯ ಗತ್ತಿಗೆ ಮರುಳಾಗದೆ ಸಿಮಿಟಾರ್ ಕೊಳ್ಳಿ. ಅಲ್ ಖರೀದ್ ಎಂಬ ಮರಳುಗಾಡಿನ ಊರಿನಲ್ಲಿ ಅದರದೇ ಅಂಗಡಿಯಿದೆ. ಸ್ಟೀಲ್ ಕತ್ತಿ ಹಿಡಿಯಲು ‘ಅಟ್ಯಾಕ್’ ಎಂಬ ಕೌಶಲ 5ನೆಯ ಲೆವೆಲ್ ಇರಬೇಕು, ಅದಕ್ಕಿಂತ ಮೇಲಿನ ಲೋಹಗಳಾದ ಮಿಥ್ರಿಲ್‌ಗೆ 20, ಅಡಮಂಟ್‌ಗೆ 30, ರೂನ್‌ಗೆ 40.

ಹೊಸಬರು ಗಮನಿಸದೇ ಹೋಗುವ ಇನ್ನೊಂದು ವಿಷಯವಿದೆ. ಕತ್ತಿಯ ಗುರುತಿರುವ ಪುಟದಲ್ಲಿ ಹೊಡೆಯುವ ರೀತಿಯನ್ನು ನೀವೇ ಆರಿಸಬೇಕು. ನಿಖರವಾಗಿ ಹೊಡೆದರೆ ಅಟ್ಯಾಕ್, ಆಕ್ರಮಣದ ರೀತಿಯಲ್ಲಿ ಹೊಡೆದರೆ ಸ್ಟ್ರೆಂತ್, ರಕ್ಷಣೆಯ ರೀತಿಯಲ್ಲಿ ಹೊಡೆದರೆ ಡಿಫೆನ್ಸ್ ಬೆಳೆಯುತ್ತದೆ. ಇದನ್ನು ಮುಟ್ಟದೇ ಬಿಟ್ಟು, ವಾರದ ನಂತರ ಒಂದೇ ಕೌಶಲ ಬೆಳೆದು ಉಳಿದೆರಡು ಕುಂಟುತ್ತಿರುವುದನ್ನು ನೋಡಿ ಬೇಸರಪಟ್ಟವರು ಬಹಳ. ಮೊದಲು ಕೋಳಿಗಳ ಮೇಲೆ, ನಂತರ ಹಸುಗಳ ಮೇಲೆ ಕೈ ಪಳಗಿಸಿ. ಕೋಳಿಗೆ ಪ್ರಾಣದ ಅಂಕ 3, ಹಸುವಿಗೆ 8. ಆರಂಭದಲ್ಲಿ ನಿಮಗೆ 10 ಇರುತ್ತದೆ. ಮುಂದೆ ಕತ್ತಿ, ಬಿಲ್ಲು, ಮಂತ್ರ ಮೂರೂ ಕಲಿತಾಗ ಒಂದು ಸೂತ್ರ ನೆನಪಿರಲಿ: ಕತ್ತಿಯವನು ಬಿಲ್ಲುಗಾರನಿಗೆ ಮೇಲು, ಬಿಲ್ಲುಗಾರ ಮಂತ್ರವಾದಿಗೆ ಮೇಲು, ಮಂತ್ರವಾದಿ ಕತ್ತಿಯವನಿಗೆ ಮೇಲು.

ಪ್ರಶ್ನೆ: ಆಟದೊಳಗೆ ಹಣ ಮಾಡುವುದು ಹೇಗೆ? ತಿಂಗಳ ಚಂದಾ ಕಟ್ಟಲೇಬೇಕೇ? (ಮಸ್ಕತ್‌ನಲ್ಲಿರುವ ಉಡುಪಿಯ ಓದುಗರು)

ಉತ್ತರ: ಕಟ್ಟಲೇಬೇಕೆಂದಿಲ್ಲ. ಉಚಿತವಾಗಿ ಆಡುವವರಿಗೂ 15 ಕೌಶಲಗಳು ತೆರೆದಿವೆ, ಆರಂಭದ ಊರುಗಳೆಲ್ಲ ತೆರೆದಿವೆ. ಮೊದಲ ತಿಂಗಳು ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಆಟ ಹಿಡಿಸಿದೆ ಎಂದು ಖಚಿತವಾದ ಮೇಲೆ ಚಂದಾ ಯೋಚಿಸಿ. ಹಣಕ್ಕೆ ನಾನು ಹೇಳುವ ದಾರಿ ಹಳೆಯದು, ಬೇಸರದ್ದು, ಆದರೆ ಕೈಕೊಡದು: ಹಸುವನ್ನು ಕೊಂದಾಗ ಬೀಳುವ ಚರ್ಮವನ್ನು ಆರಿಸಿ ಬ್ಯಾಂಕಿನಲ್ಲಿ ಕೂಡಿಡಿ, ಒಂದಿಷ್ಟು ಸೇರಿದ ಮೇಲೆ ವಾರಾಕ್ ನಗರದ ಗ್ರ್ಯಾಂಡ್ ಎಕ್ಸ್‌ಚೇಂಜ್‌ಗೆ ಒಯ್ದು ಮಾರಿ. ಅದೊಂದು ಸಂತೆ, ಆದರೆ ಕೊಳ್ಳುವವನು ನಿಮ್ಮೆದುರು ನಿಂತಿರಬೇಕಿಲ್ಲ. ನಿಮ್ಮ ಬೆಲೆ ಹೇಳಿ ಇಟ್ಟು ಹೋದರೆ ಆ ಬೆಲೆಗೆ ಒಪ್ಪುವವರು ಸಿಕ್ಕಾಗ ವ್ಯಾಪಾರ ಮುಗಿದಿರುತ್ತದೆ. ಉಚಿತ ಆಟಗಾರರು ಒಮ್ಮೆಗೆ ಮೂರು ವಸ್ತುಗಳನ್ನು ಹೀಗೆ ಇಡಬಹುದು.

‘ಬಾಂಡ್’ ಎಂಬ ವಸ್ತುವಿನ ಬಗ್ಗೆಯೂ ನೀವು ಕೇಳಿದ್ದೀರಿ. ಒಬ್ಬರು ನಿಜವಾದ ಹಣ ಕೊಟ್ಟು ಅದನ್ನು ಸಂಸ್ಥೆಯಿಂದ ಕೊಂಡು ಆಟದ ಸಂತೆಯಲ್ಲಿ ಮಾರುತ್ತಾರೆ, ಇನ್ನೊಬ್ಬರು ಆಟದ ಚಿನ್ನ ಕೊಟ್ಟು ಅದನ್ನು ಕೊಂಡು 14 ದಿನಗಳ ಚಂದಾ ಪಡೆಯುತ್ತಾರೆ. ನಿಯಮದೊಳಗಿನ ದಾರಿ ಇದೊಂದೇ. ಹೊರಗಿನವರಿಂದ ಹಣ ಕೊಟ್ಟು ಚಿನ್ನ ಕೊಳ್ಳುವುದು ನಿಷಿದ್ಧ, ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ.

ಪ್ರಶ್ನೆ: ನನ್ನ ಕವಚಕ್ಕೆ ಚಿನ್ನದ ಅಂಚು ಹಾಕಿಕೊಡುತ್ತೇನೆ ಎಂದು ಒಬ್ಬ ಆಟಗಾರ ಇಸಿದುಕೊಂಡು ಮಾಯವಾದ. ಹಿಂದಕ್ಕೆ ಪಡೆಯಬಹುದೇ? (ಶಿವಮೊಗ್ಗದ ಪಿಯುಸಿ ವಿದ್ಯಾರ್ಥಿ)

ಉತ್ತರ: ಬರುವುದಿಲ್ಲ. ಅಂಚು ಹಾಕುವ ಕೌಶಲವೇ ಈ ಆಟದಲ್ಲಿ ಇಲ್ಲ. ಅಂಥ ಕವಚ ನಿಧಿಯ ಸುಳಿವು ಬಿಡಿಸಿದವರಿಗೆ ಸಿಗುವ ಉಡುಗೊರೆ. ಹಣವನ್ನು ಎರಡು ಪಟ್ಟು ಮಾಡಿಕೊಡುತ್ತೇನೆ ಎನ್ನುವವರೂ ಇದೇ ಕುಲದವರು. ವಿನಿಮಯ ಮಾಡುವಾಗ ಎರಡನೆಯ ಖಚಿತಪಡಿಸುವ ಪರದೆ ಬರುತ್ತದಲ್ಲ, ಅದನ್ನು ಓದಿಯೇ ಒಪ್ಪಿಗೆ ಕೊಡಿ. ಬ್ಯಾಂಕಿಗೆ ನಾಲ್ಕು ಅಂಕಿಯ ಪಿನ್ ಇಂದೇ ಹಾಕಿ. ಇನ್ನು ‘ಒಳ್ಳೆಯ ಜಾಗ ತೋರಿಸುತ್ತೇನೆ, ಹಿಂದೆ ಬಾ’ ಎಂದು ಯಾರಾದರೂ ಉತ್ತರಕ್ಕೆ ಕರೆದೊಯ್ದರೆ, ದಾಟಬೇಕಾದ ಹಳ್ಳವೊಂದು ಎದುರಾದಲ್ಲಿ ನಿಂತುಬಿಡಿ. ಅದರಾಚೆ ವೈಲ್ಡರ್ನೆಸ್, ಅಲ್ಲಿ ಆಟಗಾರರು ಆಟಗಾರರನ್ನೇ ಕೊಲ್ಲಬಹುದು. ನೀವಾಗಿ ಯಾರ ಮೇಲೂ ಕೈಮಾಡದೇ ಅಲ್ಲಿ ಸತ್ತರೆ ಸಾಮಾನ್ಯವಾಗಿ ಉಳಿಯುವುದು ಅತಿ ಬೆಲೆಯ ಮೂರು ವಸ್ತುಗಳಷ್ಟೇ.

ಪ್ರಶ್ನೆ: ನನ್ನ ಮಗ ಮೊಬೈಲಿನಲ್ಲಿ ಈ ಆಟ ಆಡುತ್ತಾನೆ. ಪಕ್ಕದಲ್ಲಿ ಕೂತು ನೋಡಿದರೆ ಒಂದೇ ಮರವನ್ನು ಕಡಿಯುತ್ತಲೇ ಇರುತ್ತಾನೆ. ಊಟಕ್ಕೆ ಕರೆದರೆ ‘ಈಗ ನಿಲ್ಲಿಸಲು ಆಗದು, ಒಂದು ನಿಮಿಷ’ ಎನ್ನುತ್ತಾನೆ. ಇದೆಂಥ ಆಟ? (ಮೈಸೂರಿನ ಗೃಹಿಣಿ)

ಉತ್ತರ: ಅಮ್ಮಾ, ನಿಮ್ಮ ಆಶ್ಚರ್ಯ ಸಹಜ. ಕೌಶಲಗಳಿಗೆ ಇಲ್ಲಿ 99 ಲೆವೆಲ್‌ಗಳಿವೆ, ಮೊದಲ ಮೆಟ್ಟಿಲುಗಳು ತೀರಾ ಗಿಡ್ಡ, ಮೇಲಿನವು ಬೆಟ್ಟದಷ್ಟು ಎತ್ತರ. ಎರಡನೆಯ ಲೆವೆಲ್‌ಗೆ 83 ಅನುಭವಾಂಕ ಸಾಕು. 99ಕ್ಕೆ ಬೇಕಾದದ್ದು 1,30,34,431. ಇದರ ಅರ್ಧ ದೂರ ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ, ಐವತ್ತರ ಹತ್ತಿರವೆಲ್ಲೂ ಅಲ್ಲ, 92ನೆಯ ಲೆವೆಲ್‌ನಲ್ಲಿ. ನಿಮ್ಮ ಮಗ ಕಡಿಯುತ್ತಿರುವುದು ಬಹುಶಃ ಡ್ರೇನರ್ ಎಂಬ ಹಳ್ಳಿಯ ವಿಲ್ಲೋ ಮರ, ಏಕೆಂದರೆ ಬ್ಯಾಂಕ್ ಅದರ ಪಕ್ಕದಲ್ಲೇ ಇದೆ. ಒಂದು ತುಂಡಿಗೆ 67.5 ಅಂಕದಂತೆ, 30ನೆಯ ಲೆವೆಲ್‌ನಿಂದ 60ಕ್ಕೆ ಹೋಗಲು ಅವನು ಸುಮಾರು 3,860 ತುಂಡು ಕಡಿಯಬೇಕು. 28 ಮನೆಯ ಚೀಲದಲ್ಲಿ ಸುಮಾರು 138 ಸಲ ಬ್ಯಾಂಕಿಗೆ ಹೊರಬೇಕು. ಹೊರಗಿನಿಂದ ನೋಡುವವರಿಗೆ ಇದು ಜೀತದಂತೆ ಕಾಣುತ್ತದೆ. ಆಡುವವರಿಗೆ ಇದು ಹೂ ಕಟ್ಟುವಂಥ, ಅವರೆಕಾಯಿ ಸುಲಿಯುವಂಥ ಕೆಲಸ: ಕೈ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ಮಾತು ಬೇರೆ ಕಡೆ ಸಾಗಿರುತ್ತದೆ. 2018ರ ಅಕ್ಟೋಬರಿನಲ್ಲಿ ಮೊಬೈಲಿಗೂ ಬಂದ ಮೇಲೆ ಕಂಪ್ಯೂಟರಿನಲ್ಲಿ ಬಿಟ್ಟ ಮರವನ್ನೇ ಬಸ್ಸಿನಲ್ಲಿ ಕೂತು ಮುಂದುವರಿಸಬಹುದಾಗಿದೆ, ಅದೇ ತೊಂದರೆ.

ಆದರೆ ಅವನ ನೆಪವನ್ನು ನೀವು ಒಪ್ಪಬೇಕಾಗಿಲ್ಲ. ಮರ ಕಡಿಯುವಾಗ, ಮೀನು ಹಿಡಿಯುವಾಗ ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಏನೂ ಕಳೆದುಹೋಗುವುದಿಲ್ಲ. ಮತ್ತೆ ಬಂದಾಗ ಪಾತ್ರ ಅದೇ ಮರದ ಕೆಳಗೆ, ಅದೇ ಚೀಲದೊಂದಿಗೆ ನಿಂತಿರುತ್ತದೆ. ಕಾದಾಟದ ನಡುವೆ ಇದ್ದರೆ ಮಾತ್ರ, ಶತ್ರುವಿನ ಕೊನೆಯ ಹೊಡೆತ ಬಿದ್ದು ಸುಮಾರು ಹತ್ತು ಸೆಕೆಂಡು ಕಳೆಯುವವರೆಗೆ ಆಟ ಹೊರಬಿಡುವುದಿಲ್ಲ. ಆದ್ದರಿಂದ ಮುಂದಿನ ಸಲ ಅವನು ‘ಒಂದು ನಿಮಿಷ’ ಎಂದಾಗ ಪರದೆಯನ್ನೊಮ್ಮೆ ನೋಡಿ: ಎದುರಿಗೆ ರಾಕ್ಷಸನಿದ್ದರೆ ಹತ್ತು ಸೆಕೆಂಡು ಕೊಡಿ, ಮರವಿದ್ದರೆ ತಟ್ಟೆ ಹಾಕಿಬಿಡಿ.