ಹನಿ ಔಷಧಿ ಹಾಕಿದರೂ ನಾಯಿಯ ಚಿಗಟ ಹೋಗ್ತಿಲ್ಲ, ಇದಕ್ಕಿಂತ ಸ್ಟ್ರಾಂಗ್ ಔಷಧಿ ಯಾವುದು?

ಸ್ಟ್ರಾಂಗ್ ಔಷಧಿ ಹುಡುಕಬೇಡಿ. ಕುತ್ತಿಗೆಗೆ ಫಿಪ್ರೊನಿಲ್ ಹನಿ ಹಾಕಿ ಎರಡು ವಾರ ಆಯ್ತು, ಮೊದಲು ಕಡಿಮೆಯಾಗಿತ್ತು, ಈಗ ಮತ್ತೆ ಕಾಣ್ತಿವೆ ಅಂತ ಬರೆದಿದ್ದೀರಿ. ನಮ್ಮ ಕರಿಯನಿಗೂ ಥೇಟ್ ಹೀಗೇ ಆಗಿತ್ತು. ಆಗ ನಾನೂ ಇದೇ ಪ್ರಶ್ನೆ ಕೇಳಿಕೊಂಡೆ. ಅದಕ್ಕೆ ನಾನೇ ಕಂಡುಕೊಂಡ ಉತ್ತರ ಅವನ ಜೀವಕ್ಕೇ ಬಂದಿತ್ತು.

ನಮ್ಮದು ಸಾಗರದ ಹತ್ತಿರ ಹಳ್ಳಿ ಮನೆ. ಕರಿಯ ಮಲಗುತ್ತಿದ್ದದ್ದು ಜಗುಲಿ ಮೂಲೆಯಲ್ಲಿ, ಹಳೇ ಗೋಣಿಚೀಲದ ಮೇಲೆ. ಆ ಮಳೆಗಾಲದಲ್ಲಿ ಬಾಲದ ಬುಡ ಕೆರೆದು ಕೆರೆದು ಕೂದಲು ಉದುರಿ ಹುಣ್ಣಾಗಿತ್ತು. ಪೇಟೆಯಿಂದ ಹನಿ ಔಷಧಿ ತಂದು ಹಾಕಿದೆ. ಸ್ವಲ್ಪ ದಿನ ನೆಮ್ಮದಿ. ಆಮೇಲೆ ಹೊಟ್ಟೆ ಕಡೆ ಕೂದಲು ಸರಿಸಿ ನೋಡಿದರೆ ಮತ್ತೆ ಓಡಾಡುತ್ತಿವೆ. ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ ಅಂತ ತೀರ್ಮಾನಿಸಿ ಚಿಗಟದ ಬೆಲ್ಟ್ ತಂದು ಕಟ್ಟಿದೆ. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಕೊಟ್ಟಿಗೆಯಲ್ಲಿ ದನಗಳ ಉಣುಗಿಗೆ ಅಂತ ಇಟ್ಟಿದ್ದ ಡೆಲ್ಟಾಮೆಥ್ರಿನ್ ಬಾಟಲಿ ತೆಗೆದು, ಅಂದಾಜಿನ ಮೇಲೆ ನೀರಿಗೆ ಬೆರೆಸಿ ಮೈಗೆಲ್ಲ ಹಚ್ಚಿಬಿಟ್ಟೆ.

ಸಂಜೆಗೆ ಕರಿಯನ ಬಾಯಿಂದ ಜೊಲ್ಲು ನಿಲ್ಲದೆ ಸುರಿಯತೊಡಗಿತು. ಕಿವಿ ಅದುರುತ್ತಿತ್ತು, ಹಿಂಗಾಲು ನಡುಗುತ್ತಿತ್ತು. ಎದ್ದು ನಿಲ್ಲಲು ಹೋಗಿ ಬಿದ್ದ. ಪಶುವೈದ್ಯರಿಗೆ ಫೋನ್ ಮಾಡಿದರೆ, ಮೊದಲು ಬೆಲ್ಟ್ ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಮೈ ತೊಳೆದು ಕರೆದುಕೊಂಡು ಬನ್ನಿ ಅಂದರು. ಡ್ರಿಪ್ಪು, ಇಂಜೆಕ್ಷನ್ನು, ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದು. ಪುಣ್ಯಕ್ಕೆ ಉಳಿದುಕೊಂಡ.

ದನದ ಔಷಧಿ ಹಚ್ಚಿದ್ದೇ ತಪ್ಪು ಅಂತ ನಿಮಗೆ ಅನ್ನಿಸಬಹುದು. ಅದು ತಪ್ಪೇ, ಆದರೆ ನಾನು ದಾರಿ ತಪ್ಪಿದ್ದು ಅದಕ್ಕೂ ಮೊದಲು. ಚಿಗಟ ಕಂಡ ಕೂಡಲೇ ಹನಿ ಔಷಧಿ ಕೆಲಸ ಮಾಡ್ತಿಲ್ಲ ಅಂದುಕೊಂಡೆನಲ್ಲ, ಅಲ್ಲಿ. ಔಷಧಿ ಕೆಲಸ ಮಾಡುತ್ತಲೇ ಇತ್ತು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾಯಿಯ ಮೈಮೇಲೆ ಕಾಣುವುದು ದೊಡ್ಡ ಚಿಗಟ ಮಾತ್ರ. ಅವು ಒಟ್ಟು ಸಂತತಿಯಲ್ಲಿ ಸುಮಾರು 5% ಅಷ್ಟೇ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಮೊಟ್ಟೆ ಕೂದಲಿಗೆ ಅಂಟಿಕೊಳ್ಳುವುದಿಲ್ಲ, ನಾಯಿ ಮೈ ಕೊಡವಿದ ಕಡೆ, ಮಲಗಿದ ಕಡೆ ಉದುರುತ್ತದೆ. ಅದರಿಂದ ಬಂದ ಹುಳ ಬೆಳಕಿಗೆ ಹೆದರಿ ಸಂದಿ ಸೇರುತ್ತದೆ. ದೊಡ್ಡ ಚಿಗಟದ ಹಿಕ್ಕೆ, ಅಂದರೆ ಒಣಗಿದ ರಕ್ತ, ಅದೇ ಇದಕ್ಕೆ ಊಟ. ಆಮೇಲೆ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಗೆ ಯಾವ ಸ್ಪ್ರೇಯೂ ಸರಿಯಾಗಿ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಸುಮ್ನೆ ಕೂತಿರಬಲ್ಲದು. ನಾಯಿ ಹತ್ತಿರ ಬಂದು ಅದರ ಬಿಸಿ, ಉಸಿರು, ಓಡಾಟದ ಅದುರು ತಾಗಿದರೆ ಆಚೆ ಬಂದು ಹಾರಿ ಹತ್ತುತ್ತದೆ. ಹಾಗಾಗಿ ನೀವು ಈಗ ನೋಡುತ್ತಿರುವುದು ಬಹುಪಾಲು ಹೊಸದಾಗಿ ಹತ್ತಿದವು. ಹನಿ ಸರಿಯಾಗಿ ಹಾಕಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತವೆ. ಅಷ್ಟರಲ್ಲಿ ಬೇರೆಯವು ಬರುತ್ತವೆ. ಗೂಡಿನಲ್ಲಿರುವುದು ಖಾಲಿಯಾಗುವವರೆಗೂ ಹೀಗೇ.

ಡಾಕ್ಟರು ನನ್ನನ್ನು ಬೈಯಲಿಲ್ಲ. ‘ಅವನು ಎಲ್ಲಿ ಮಲಗ್ತಾನೆ?’ ಅಂತಷ್ಟೇ ಕೇಳಿದರು. ಮನೆಗೆ ಬಂದು ಆ ಗೋಣಿಚೀಲ ಅಂಗಳದಲ್ಲಿ ಬಿಡಿಸಿದೆ. ಹೊಲಿಗೆಯ ಸಂದಿಯಲ್ಲಿ ಬಿಳಿ ಸಣ್ಣ ಹುಳ ನುಲಿಯುತ್ತಿದ್ದವು, ಸುತ್ತ ಕರಿ ಪುಡಿ. ಆ ಪುಡಿಯ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿದರೆ ಕೆಂಪು ಕಲೆ ಬಿಟ್ಟಿತು. ಕರಿಯನದೇ ರಕ್ತ. ಚೀಲ ಸುಟ್ಟುಹಾಕಿದೆ. ಹಾಸಿಗೆಗೆ ತೊಳೆಯಲು ಬರುವ ಹಳೇ ಬೆಡ್‌ಶೀಟ್ ಹಾಕಿ, ವಾರವಾರ ಹಂಡೆಯ ಕುದಿ ನೀರಲ್ಲಿ ಅದ್ದಿ ತೆಗೆದೆ. ಮಳೆಗಾಲ, ಬಿಸಿಲೆಲ್ಲಿ? ಬಚ್ಚಲೊಲೆಯ ಹತ್ತಿರವೇ ಒಣಗಿಸಿದ್ದು. ಜಗುಲಿಯ ಬೆಂಚಿನಡಿ, ಕಲ್ಲಿನ ಸಂದಿ ದಿನಾ ಗುಡಿಸಿ ಕಸ ಒಲೆಗೆ ಹಾಕುತ್ತಿದ್ದೆ. ತೇವ ಇಲ್ಲದಿದ್ದರೆ ಆ ಹುಳ ಬದುಕುವುದಿಲ್ಲ, ಒಣಗಿಸುವುದು ಅರ್ಧ ಔಷಧಿ. ನಿಮ್ಮದು ಸಿಟಿ ಮನೆಯಾದರೆ ಸೋಫಾ, ಕಾರ್ಪೆಟ್, ಕಾರಿನ ಸೀಟು ವ್ಯಾಕ್ಯೂಮ್ ಮಾಡಿ, ಕಸ ಆಗಲೇ ಆಚೆ ಹಾಕಿ.

ಮೈಗೆ ಏನು ಹಾಕಬೇಕು? ಹನಿ ಔಷಧಿಯನ್ನೇ ಪ್ಯಾಕೆಟ್ ಮೇಲಿರುವ ಅಂತರದಲ್ಲಿ ಕನಿಷ್ಠ ಮೂರು ತಿಂಗಳು ಬಿಡದೆ ಹಾಕಿ. ತೂಕ ನೋಡಿಯೇ ತನ್ನಿ. ಕೂದಲು ಬಿಡಿಸಿ ಚರ್ಮಕ್ಕೆ ತಾಗುವಂತೆ ಬಿಡಬೇಕು. ಹಾಕುವ ಎರಡು ದಿನ ಮೊದಲು, ಎರಡು ದಿನ ಆಮೇಲೆ ಸ್ನಾನ ಬೇಡ. ಆ ಔಷಧಿ ಮೈಯ ಎಣ್ಣೆಯಲ್ಲೇ ಹರಡುವುದು, ಶಾಂಪೂ ಆ ಎಣ್ಣೆಯನ್ನೇ ತೆಗೆಯುತ್ತದೆ. ನಾಯಿ ದಿನಾ ಕೆರೆಗೆ ಬೀಳುವ ಪೈಕಿ ಆದರೆ ಹನಿ ಬಿಟ್ಟು ಮಾತ್ರೆಗೆ ಹೋಗಿ ಅಂತಲೇ ನಾನು ಹೇಳುವುದು. ಆಫೊಕ್ಸೊಲಾನರ್ ತಿಂಗಳಿಗೊಮ್ಮೆ, ಫ್ಲುರಾಲನರ್ ಸಾಮಾನ್ಯವಾಗಿ 12 ವಾರಕ್ಕೊಮ್ಮೆ. ದುಡ್ಡು ಜಾಸ್ತಿ, ಆದರೆ ನೀರಿಗೆ ತೊಳೆದು ಹೋಗುವುದಿಲ್ಲ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಈ ಗುಂಪಿನ ಮಾತ್ರೆ ಅಂಥವಕ್ಕೆ ಹುಷಾರಾಗಿ ಕೊಡಬೇಕು. ಅಮಿಟ್ರಾಜ್ ತೊಳೆಯುವ ಔಷಧಿ ಕೇಳಿ ತರಬೇಡಿ. ಅದು ಉಣುಗು, ಕಜ್ಜಿಗೆ ಸರಿ, ಚಿಗಟಕ್ಕೆ ಆಗುವುದಿಲ್ಲ. ಬೇವಿನೆಣ್ಣೆ, ನಿಂಬೆಹಣ್ಣು ಅಂತ ಹೇಳುವವರು ಬಹಳ ಜನ ಸಿಗ್ತಾರೆ. ಗೂಡುಗಟ್ಟಲೆ ಚಿಗಟ ಇರುವ ಮನೆಯಲ್ಲಿ ಅವನ್ನು ನಂಬಿ ಕೂರಬೇಡಿ.

ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಒಟ್ಟಿಗೇ ಔಷಧಿ ಆಗಬೇಕು, ಇಲ್ಲದಿದ್ದರೆ ಚಿಗಟ ಅದರ ಮೈಮೇಲೆ ಉಳಿಯುತ್ತದೆ. ಆದರೆ ಬೆಕ್ಕಿಗೆ ಅಂತಲೇ ಇರುವುದು ತನ್ನಿ. ನಾಯಿಯ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕನ್ನು ಕೊಲ್ಲಬಹುದು. ಇನ್ನೊಂದು, ನಾಯಿಯ ಗುದದ ಸುತ್ತ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದೆಯಾ ನೋಡಿ. ಇದ್ದರೆ ಅದು ಲಾಡಿಹುಳದ ತುಂಡು, ಚಿಗಟ ನುಂಗಿದ್ದರಿಂದ ಬಂದದ್ದು. ಅದಕ್ಕೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ ಬೇರೆಯೇ ಕೊಡಿಸಬೇಕಾಗುತ್ತದೆ.