ಆಪ್ತಸಲಹೆ ಪ್ರಕರಣ: ಏಳು ಸಹಿಗಳ ಆಡಳಿತ ಮಂಡಳಿ

(ಗುರುತು ಸಿಗದಿರಲೆಂದು ವ್ಯಕ್ತಿಗಳ ಮತ್ತು ಸಂಸ್ಥೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಯಾದಗಿರಿ ಜಿಲ್ಲೆಯ ಕೃಷ್ಣಾ ದಂಡೆಯ ತಾಲೂಕೊಂದರ ಸ್ವಯಂಸೇವಾ ಸಂಸ್ಥೆ. ಗುಳೆ ಹೋಗುವವರ ಮಕ್ಕಳು ಶಾಲೆ ಬಿಡಬಾರದೆಂದು ದೀಪಾವಳಿಯಿಂದ ಯುಗಾದಿ ದಾಟುವ ತನಕ ಅರವತ್ತು ಮಕ್ಕಳ ಊಟ, ವಸತಿ ನೋಡಿಕೊಳ್ಳುತ್ತದೆ. ವರ್ಷವಿಡೀ ಮಹಿಳಾ ಸ್ವಸಹಾಯ ಸಂಘಗಳ ಕೆಲಸವೂ ಇದೆ. ಸಿಬ್ಬಂದಿ ಹದಿನಾರು ಮಂದಿ. ಸಂಸ್ಥೆ ಕಟ್ಟಿದ ಕಾರ್ಯದರ್ಶಿಗೆ ಅರವತ್ತರ ಹತ್ತಿರ ವಯಸ್ಸು, ಹಿಂದೆ ಶಿಕ್ಷಕರಾಗಿದ್ದವರು. ಊರಿಗೆಲ್ಲ ಅವರು ಮಾಸ್ತರು.

ಸಲಹೆಗಾರರ ಬಳಿ ಅವರು ಕೇಳಿಕೊಂಡು ಬಂದದ್ದು ಹೆಸರುಗಳನ್ನು. "ಮೇಡಂ, ನಮ್ಮ ಬೋರ್ಡಿಗೆ ಎರಡು ಮೂರು ದೊಡ್ಡ ಹೆಸರು ಬೇಕಾಗ್ಯಾವ್ರಿ. ಬೆಂಗಳೂರಾಗ ಯಾರರ ಇದ್ರ ಹೇಳ್ರಿ." ಕಾರಣವೂ ಸ್ಪಷ್ಟವಿತ್ತು. ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಕೊಡಲು ಮುಂದೆ ಬಂದ ಕಂಪನಿಯೊಂದು ಮೂರು ವರ್ಷದ ಸಭೆಗಳ ನಡಾವಳಿ, ಹಾಜರಾತಿ ಮತ್ತು ಮಂಡಳಿ ಸದಸ್ಯರ ಪರಿಚಯ ಕೇಳಿತ್ತು.

ಹೆಸರು ಹುಡುಕುವ ಮೊದಲು ಅವರಿಂದ ಆರು ಕಾಗದ ತರಿಸಲಾಯಿತು: ಬೈಲಾ (ಸಂಘದ ನಿಯಮಾವಳಿ), ನೋಂದಣಿ ಪತ್ರ, ನಡಾವಳಿ ಪುಸ್ತಕ, ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ ಕೊಟ್ಟ ಕೊನೆಯ ಪದಾಧಿಕಾರಿಗಳ ಪಟ್ಟಿ, ಮೂರು ವರ್ಷದ ಆಡಿಟ್ ವರದಿ, ಬ್ಯಾಂಕಿನಲ್ಲಿ ಯಾರ ಸಹಿ ನಡೆಯುತ್ತದೆ ಎಂಬ ಪತ್ರ. ಸಂಸ್ಥೆಯ ನಿಜವಾದ ಆಡಳಿತ ಎಲ್ಲಿದೆ ಎಂದು ತಿಳಿಯಲು ಇಷ್ಟು ಸಾಕು. ಇಲ್ಲಿ ಬ್ಯಾಂಕಿನ ಪತ್ರವೇ ಎಲ್ಲ ಹೇಳಿತು: ಸಹಿ ಮಾಸ್ತರರದು ಮತ್ತು ಅವರ ಮನೆಯವರದು.

ಮಂಡಳಿಯಲ್ಲಿ ಏಳು ಜನ: ಮಾಸ್ತರು, ಅವರ ಪತ್ನಿ, ಪತ್ನಿಯ ಅಣ್ಣ, ಬೆಂಗಳೂರಿನಲ್ಲಿರುವ ಇಬ್ಬರು ಹಳೇ ಗೆಳೆಯರು, ಊರಿನ ಪ್ರಭಾವಿ ಸಾವ್ಕಾರರು (ಅಧ್ಯಕ್ಷರು), ಮತ್ತು ಎರಡು ವರ್ಷದ ಹಿಂದೆ ತೀರಿಕೊಂಡ ಒಬ್ಬ ಸದಸ್ಯರು. ತೀರಿಕೊಂಡವರ ಸಹಿ ಆಮೇಲಿನ ಮೂರು ಸಭೆಗಳಲ್ಲೂ ಇತ್ತು. ಪ್ರತಿ ವರ್ಷ ಆಡಿಟರ್ ಬರುವ ವಾರ ಕಚೇರಿಯ ಹುಡುಗ ನಾಲ್ಕೂ ಸಭೆಯ ನಡಾವಳಿ ಒಂದೇ ಸಲ ಬರೆದು ಸಹಿ ತುಂಬಿಸುತ್ತಿದ್ದ. ಹಣ ದುರುಪಯೋಗವಾದ ಕುರುಹು ಎಲ್ಲೂ ಇರಲಿಲ್ಲ. ಆದರೆ ವಸತಿ ನಿಲಯದ ಕಟ್ಟಡ ಮಾಸ್ತರರ ಪತ್ನಿಯ ಹೆಸರಿನಲ್ಲಿತ್ತು. ಬಾಡಿಗೆ ಸಂಸ್ಥೆಯಿಂದ ಹೋಗುತ್ತಿತ್ತು, ಅದನ್ನು ಎಷ್ಟೆಂದು ನಿರ್ಧರಿಸಿದ ಠರಾವು ಒಂದೂ ಇರಲಿಲ್ಲ.

ಕಳೆದ ವರ್ಷ ಮಂಡಳಿಯ ಮಾತಿನಿಂದ ನಿಮ್ಮ ಯಾವ ತೀರ್ಮಾನ ಬದಲಾಯಿತು ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿದರು. "ಬದಲಾಗಿದ್ದು ಇಲ್ರಿ. ಅವ್ರು ನನ್ನ ಮ್ಯಾಲ ನಂಬಿಕಿ ಇಟ್ಟಾರ."

ಈ ಪ್ರಕರಣದ ಮೂಲ ಇಲ್ಲಿದೆ. ಹೀಗೆ ನಂಬಿ ಕೂತ ಮಂಡಳಿಗೆ ಮಾಡಲು ಕೆಲಸವೇ ಇರುವುದಿಲ್ಲ. ಅಂಥಲ್ಲಿಗೆ ನಿವೃತ್ತ ಅಧಿಕಾರಿಯನ್ನೋ ಡಾಕ್ಟರನ್ನೋ ತಂದು ಕೂರಿಸಿದರೆ ಅವರೂ ಎರಡನೇ ಸಭೆಗೆ ಬರುವುದು ಬಿಡುತ್ತಾರೆ, ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು ಉಳಿಯುತ್ತದೆ. ಮೊದಲು ಮಂಡಳಿಯ ಕೈಗೆ ನಿಜವಾದ ತೀರ್ಮಾನಗಳನ್ನು ಕೊಡಬೇಕು: ಬಜೆಟ್, ಕಾರ್ಯದರ್ಶಿಯ ಗೌರವಧನ, ಕಟ್ಟಡದ ಬಾಡಿಗೆ, ಹೊಸ ಯೋಜನೆ ಒಪ್ಪುವುದು ಅಥವಾ ಬಿಡುವುದು. ಕೊಡಲು ಮಾಸ್ತರು ಸಿದ್ಧರಿದ್ದರೆ ಮಾತ್ರ ಜನ ಹುಡುಕುವುದಕ್ಕೆ ಅರ್ಥ ಎಂದು ನೇರವಾಗಿ ಹೇಳಲಾಯಿತು. ಒಂದು ವಾರ ಬಿಟ್ಟು ಅವರು ಮತ್ತೆ ಬಂದರು.

ಮೊದಲು ಹಳೇ ನಡಾವಳಿ ಪುಸ್ತಕ

"ಆ ಹಾಳಿ ತಗದು ಹೊಸದು ಬರಸಲೇನ್ರಿ?" ಎಂಬುದು ಅವರ ಮೊದಲ ಪ್ರಶ್ನೆ. ಬೇಡವೇ ಬೇಡ. ಹಾಳೆ ಹರಿಯುವುದು, ವೈಟ್ನರ್ ಹಚ್ಚುವುದು, ಹಿಂದಿನ ತಾರೀಖು ಹಾಕಿ ಹೊಸ ಪುಸ್ತಕ ಬರೆಯುವುದು ಇವೆಲ್ಲ ಒಂದು ತಪ್ಪನ್ನು ಎರಡು ಮಾಡುತ್ತವೆ. ಎರಡನೆಯದು ತಿಳಿದೇ ಮಾಡಿದ ತಪ್ಪು. ಕೊಟ್ಟ ಸಲಹೆ ಹೀಗಿತ್ತು. ಬದುಕಿರುವ ಆರೂ ಸದಸ್ಯರಿಗೆ ಬೈಲಾದಲ್ಲಿ ಹೇಳಿದಷ್ಟು ದಿನ ಮೊದಲೇ ನೋಟಿಸ್ ಕೊಟ್ಟು ನಿಜವಾದ ಸಭೆ ಕರೆಯಿರಿ. ಸದಸ್ಯರ ಮರಣದ ದಿನಾಂಕ, ಆಮೇಲೆ ಯಾವ ಯಾವ ತಾರೀಖಿನ ನಡಾವಳಿಯಲ್ಲಿ ಅವರ ಸಹಿ ಬಂದಿದೆ, ಆ ಸಹಿ ಬಿಟ್ಟರೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಉಳಿಯುತ್ತದೋ ಇಲ್ಲವೋ, ಇಷ್ಟನ್ನೂ ಠರಾವಿನಲ್ಲಿ ಬರೆಯಿರಿ, ಮರಣ ಪ್ರಮಾಣಪತ್ರ ಲಗತ್ತಿಸಿ. ಬರೆದಂತೆ ನಡೆಯದ ಸಭೆಗಳ ಬಗ್ಗೆಯೂ ಅಲ್ಲೇ ಒಪ್ಪಿಕೊಳ್ಳಿ. ಆ ಸಭೆಗಳ ಹೆಸರಲ್ಲಿ ವಾಹನ ಖರೀದಿ, ಠೇವಣಿ ಮುರಿದದ್ದು ಮುಂತಾದ ತೀರ್ಮಾನ ಆಗಿದ್ದರೆ ಪಟ್ಟಿ ಮಾಡಿ, ಯಾವುದನ್ನು ಈಗ ಮತ್ತೆ ಮಂಡಳಿಯ ಮುಂದಿಡಬಹುದು ಎಂದು ವಕೀಲರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಕಂಪನಿಗೂ ನೀವೇ ಮೊದಲು ಪತ್ರ ಬರೆಯಿರಿ.

ಇದರಿಂದ ಹಣ ಕೈತಪ್ಪಬಹುದೆಂದು ಮಾಸ್ತರು ಹೆದರಿದ್ದರು. ಕಂಪನಿ ಕೈಬಿಡಲಿಲ್ಲ, ಆರು ತಿಂಗಳು ಮುಂದೂಡಿತು. ಕೈಬಿಟ್ಟಿದ್ದರೂ ಸಲಹೆ ಇದೇ ಇರುತ್ತಿತ್ತು.

ಏಳೇ ಜನರ ಸಂಘದ ತೊಡಕು

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ನೋಂದಾಯಿಸಲು ಕನಿಷ್ಠ ಏಳು ಮಂದಿ ಬೇಕು. ನಮ್ಮ ಕಡೆಯ ಎಷ್ಟೋ ಸಂಸ್ಥೆಗಳು ಆ ಏಳಕ್ಕೇ ನಿಂತುಬಿಟ್ಟಿವೆ. ಸಂಘದ ಸದಸ್ಯರೂ ಅವರೇ, ಆಡಳಿತ ಮಂಡಳಿಯೂ ಅವರೇ. ಆಗ ವಾರ್ಷಿಕ ಸರ್ವಸದಸ್ಯರ ಸಭೆ ಎಂದರೆ ಮಂಡಳಿ ತನ್ನ ಲೆಕ್ಕವನ್ನು ತಾನೇ ಓದಿ ತಾನೇ ಒಪ್ಪುವುದು. ಆದ್ದರಿಂದ ಮಂಡಳಿಗಿಂತ ಮೊದಲು ಸದಸ್ಯತ್ವ ಬೆಳೆಸಲು ಹೇಳಲಾಯಿತು: ಒಂದು ವರ್ಷದಲ್ಲಿ ಇಪ್ಪತ್ತೈದರವರೆಗೆ. ಹಳೇ ವಿದ್ಯಾರ್ಥಿಗಳು, ಸ್ವಸಹಾಯ ಸಂಘಗಳ ಮುಂದಾಳುಗಳು, ಗುಳೆ ಹೋಗಿಬರುವ ತಾಯಂದಿರು, ನಿವೃತ್ತ ಶಿಕ್ಷಕರು.

ಬಾಗಿಲು ಪೂರ್ತಿ ತೆರೆದರೂ ಅಪಾಯವಿದೆ. ಚುನಾವಣೆಗೆ ಹದಿನೈದು ದಿನ ಇರುವಾಗ ಒಬ್ಬರೇ ಮೂವತ್ತು ಜನರ ಚಂದಾ ಕಟ್ಟಿ ಸಂಸ್ಥೆಯನ್ನೇ ಕೈಗೆ ತೆಗೆದುಕೊಳ್ಳಬಹುದು. ಅದಕ್ಕೆ ಬೈಲಾ ತಿದ್ದುಪಡಿಯಲ್ಲಿ ಎರಡು ಸಾಲು ಸೇರಿಸಲಾಯಿತು: ಸದಸ್ಯರಾಗಿ ಒಂದು ವರ್ಷ ತುಂಬಿದವರಿಗಷ್ಟೇ ಮತ, ಪ್ರತಿ ಅರ್ಜಿಯೂ ಮಂಡಳಿ ಸಭೆಯಲ್ಲಿ ಮಂಜೂರಾಗಬೇಕು. ತಿದ್ದುಪಡಿ ಸರ್ವಸದಸ್ಯರ ಸಭೆಯಲ್ಲಿ ಪಾಸಾಗಿ ನೋಂದಣಾಧಿಕಾರಿಯ ದಾಖಲೆಗೆ ಹೋದರೇ ಊರ್ಜಿತ. ಕಚೇರಿಯ ಫೈಲಿನಲ್ಲಿದ್ದರೆ ಅದು ಬರೀ ಕಾಗದ. ವಾರ್ಷಿಕ ಸಭೆ ಆದ 14 ದಿನದೊಳಗೆ ಹೊಸ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರ ಸಲ್ಲಿಸಬೇಕು. ಪಟ್ಟಿ ಹಳತಾಗಿದ್ದರೆ ಬ್ಯಾಂಕು ಸಹಿ ಬದಲಿಸಿಕೊಡಲು ತಕರಾರು ಮಾಡುತ್ತದೆ, ಸಂಬಳ ನಿಲ್ಲುತ್ತದೆ.

ಯಾರು ಬೇಕು

ಮಂಡಳಿಗೆ ಒಂಬತ್ತು ಜನ ಎಂದು ತೀರ್ಮಾನವಾಯಿತು. ಹದಿನೈದಾದರೆ ಕೋರಂ ಕೂಡಿಸುವುದೇ ಒಂದು ಕೆಲಸ. ಮುಂದಿನ ಮೂರು ವರ್ಷದ ಕೆಲಸಕ್ಕೆ ಏನೇನು ಗೊತ್ತಿರುವವರು ಬೇಕೆಂದು ಎಡಕ್ಕೆ, ಈಗಿರುವವರ ಹೆಸರು ಮೇಲಕ್ಕೆ ಬರೆದು ಗೀಟು ಹಾಕಿಸಿದಾಗ ಲೆಕ್ಕ ಓದಬಲ್ಲವರು, ಮಕ್ಕಳ ಸುರಕ್ಷತೆ ತಿಳಿದವರು, ಕಾರ್ಮಿಕ ಕಾನೂನು ಗೊತ್ತಿರುವವರು ಈ ಮೂರು ಸಾಲು ಪೂರಾ ಖಾಲಿ ಇದ್ದವು. ಹದಿನಾರು ಸಿಬ್ಬಂದಿ ಇದ್ದೂ ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿ ಇರಲಿಲ್ಲ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸಗಾರರಿದ್ದಲ್ಲಿ ಅದು ಕಡ್ಡಾಯ. ಮಂಡಳಿ ಕೇಳಬೇಕಾದ ಪ್ರಶ್ನೆ ಅದು, ಕೇಳುವವರೇ ಇರಲಿಲ್ಲ.

ಮೊದಲು ಹುಡುಕಬೇಕಾದದ್ದು ಖಜಾಂಚಿಯನ್ನು. ಕಲಬುರಗಿಯಲ್ಲಿ ನೆಲೆಸಿದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಒಪ್ಪಿದರು. ಎಲ್ಲರಿಗೂ ಹೇಳುವಂತೆ ಅವರಿಗೂ ಸೇರುವ ಮೊದಲೇ ಹೇಳಿದ್ದು: ವರ್ಷಕ್ಕೆ ನಾಲ್ಕು ಸಭೆ, ಒಂದು ದಿನ ವಸತಿ ನಿಲಯದಲ್ಲಿ, ಸಂಭಾವನೆ ಇಲ್ಲ, ಸತತ ಮೂರು ಸಭೆ ತಪ್ಪಿಸಿದರೆ ಸ್ಥಾನ ಖಾಲಿ. ಇದನ್ನು ಕಾಗದದಲ್ಲಿ ಕೊಟ್ಟಾಗ ಇಬ್ಬರು ಗಣ್ಯರು ನಯವಾಗಿ ಹಿಂದೆ ಸರಿದರು. ಒಳ್ಳೆಯದೇ ಆಯಿತು.

ಗುಳೆ ಹೋಗಿಬರುವ ಇಬ್ಬರು ತಾಯಂದಿರನ್ನು ಸೇರಿಸಲು ಸೂಚಿಸಲಾಯಿತು. ಒಬ್ಬರೇ ಆದರೆ ದೊಡ್ಡವರ ನಡುವೆ ಬಾಯಿ ಬಿಡುವುದಿಲ್ಲ, ಇಬ್ಬರಿದ್ದರೆ ಧೈರ್ಯ ಬರುತ್ತದೆ. ಕೂಲಿ ತಪ್ಪದಿರಲೆಂದು ಸಭೆ ಭಾನುವಾರಕ್ಕೆ ಹೋಯಿತು. ಶಕ್ತಿ ಯೋಜನೆಯಿಂದ ಅವರಿಗೆ ಬಸ್ಸಿನ ಖರ್ಚಿಲ್ಲ, ಆಟೋ ಮತ್ತು ಊಟದ ಖರ್ಚು ಸಂಸ್ಥೆಯದು. ಸಭೆಗೆ ಒಂದು ದಿನ ಮುಂಚೆ ಸಂಸ್ಥೆಯ ಸಂಯೋಜಕಿ ಈ ತಾಯಂದಿರ ಮನೆಗೆ ಹೋಗಿ ಕಾರ್ಯಸೂಚಿಯನ್ನು ಓದಿ ಹೇಳುತ್ತಾರೆ. ರಾತ್ರಿ ಹೆಣ್ಣುಮಕ್ಕಳ ಕಡೆಯ ಶೌಚಾಲಯದ ದಾರಿಯಲ್ಲಿ ದೀಪವಿಲ್ಲ ಎಂಬ ಮಾತು ಮೊದಲ ಸಭೆಯಲ್ಲೇ ಬಂತು. ಅದನ್ನು ಎತ್ತಿದ್ದು ಈ ತಾಯಂದಿರಲ್ಲಿ ಒಬ್ಬರು.

"ಸಾವ್ಕಾರ್ರಿಗಿ ಬಿಡ್ರಿ ಅಂತ ಹ್ಯಾಂಗ ಹೇಳ್ಲಿ ಮೇಡಂ? ಕಷ್ಟದಾಗ ನಿಂತವ್ರು." ಇದು ಮಾಸ್ತರರ ಅಳುಕು. ಒಬ್ಬರನ್ನೇ ಇಳಿಸುವುದಕ್ಕಿಂತ ಎಲ್ಲರಿಗೂ ಒಂದೇ ನಿಯಮ ತಂದರೆ ಯಾರ ಮುಖವೂ ಸಣ್ಣದಾಗದು. ಅವಧಿ ಮೂರು ವರ್ಷ, ಸತತ ಎರಡು ಅವಧಿ ಮಾತ್ರ, ಪ್ರತಿ ವರ್ಷ ಮೂವರು ಇಳಿಯುವುದು, ಮೊದಲ ಸರದಿಗೆ ಚೀಟಿ ಎತ್ತುವುದು. ಜೊತೆಗೆ ಮತವಿಲ್ಲದ ಸಲಹಾ ಸಮಿತಿ. ನಿಯಮ ಓದಿದ ಸಾವ್ಕಾರರು ತಾವೇ ಸಲಹಾ ಸಮಿತಿಗೆ ಹೋಗುತ್ತೇನೆಂದರು. ಪತ್ನಿಯ ಅಣ್ಣನೂ ಬಿಟ್ಟರು. ಪತ್ನಿ ಒಂದು ವರ್ಷ ಉಳಿದರು, ಚೆಕ್ಕಿನ ಸಹಿ ಬಿಟ್ಟುಕೊಟ್ಟರು. ಈಗ ಮೂವರಲ್ಲಿ ಯಾರಾದರೂ ಇಬ್ಬರು ಸಹಿ ಹಾಕಬೇಕು, ಮೂವರೂ ಬೇರೆ ಬೇರೆ ಮನೆಯವರು.

ಬಾಡಿಗೆಯ ವಿಷಯಕ್ಕೆ ಮಾಸ್ತರು ಮತ್ತು ಪತ್ನಿ ಸಭೆಯಿಂದ ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ಬರಬೇಕು. ಅದೇ ಬಡಾವಣೆಯ ಮೂರು ಕಟ್ಟಡಗಳ ದರ ತಂದು ಉಳಿದವರು ನಿರ್ಧರಿಸಬೇಕು. ಪದಾಧಿಕಾರಿಗಳಿಗೆ, ಅವರ ಸಂಬಂಧಿಕರಿಗೆ ಸಂಸ್ಥೆಯಿಂದ ತಕ್ಕುದಕ್ಕಿಂತ ಹೆಚ್ಚು ಹಣ ಹೋದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು. ಬಾಡಿಗೆ ಹೆಚ್ಚೇನೂ ಇರಲಿಲ್ಲ. ಅದನ್ನು ತೋರಿಸುವ ಕಾಗದ ಈಗ ಇದೆ.

ಸಭೆ ನಡೆಯುವ ಬಗೆ

ನಾಲ್ಕು ಸಭೆಗಳ ತಿಂಗಳನ್ನು ಗುಳೆ, ಸುಗ್ಗಿ ನೋಡಿ ಇಡಲಾಯಿತು. ಮಾರ್ಚಿನಲ್ಲಿ ಬಜೆಟ್, ಜುಲೈಯಲ್ಲಿ ಲೆಕ್ಕ, ಸೆಪ್ಟೆಂಬರಿನಲ್ಲಿ ವಾರ್ಷಿಕ ಸಭೆಯ ದಿನವೇ ಮಂಡಳಿ, ಅಕ್ಟೋಬರಿನಲ್ಲಿ, ವಸತಿ ಶುರುವಾಗುವ ಮೊದಲು, ಅಡುಗೆಯವರು, ವಾರ್ಡನ್, ಔಷಧ, ಮಕ್ಕಳ ದೂರು ಪೆಟ್ಟಿಗೆ. ಡಿಸೆಂಬರ್, ಜನವರಿ ತೊಗರಿ ಕೊಯ್ಲಿನ ಕಾಲ, ಆಗ ಕೋರಂ ಆಗುವುದಿಲ್ಲ, ಕರೆಯಲೇಬೇಡಿ ಎಂದು ಹೇಳಲಾಯಿತು.

ಏಳು ದಿನ ಮೊದಲು ಎರಡೇ ಪುಟದ ಲೆಕ್ಕ ಹೋಗಬೇಕು: ಬಜೆಟ್ ಎಷ್ಟು, ಈವರೆಗಿನ ಖರ್ಚು ಎಷ್ಟು, ವ್ಯತ್ಯಾಸ ಶೇ 10 ದಾಟಿದರೆ ಕಾರಣ ಏನು, ಬ್ಯಾಂಕಿನಲ್ಲಿರುವ ಹಣದಲ್ಲಿ ಒಂದೊಂದು ಯೋಜನೆಗೇ ಮೀಸಲಾದದ್ದು ಎಷ್ಟು, ಸಂಬಳ, ಪಿಎಫ್, ಟಿಡಿಎಸ್ ಬಾಕಿ ಎಷ್ಟು. ಮೀಸಲು ಹಣವನ್ನು ಬೇರೆ ತೋರಿಸದಿದ್ದರೆ ಖಾತೆ ತುಂಬಿದ ಹಾಗೆ ಕಾಣುತ್ತದೆ, ಒಂದು ಯೋಜನೆಯ ಹಣ ಇನ್ನೊಂದರ ಸಂಬಳಕ್ಕೆ ಹೋಗುತ್ತದೆ. ಸಂಸ್ಥೆಗಳು ಮುಳುಗುವುದು ಹೆಚ್ಚಾಗಿ ಹೀಗೆ. ನಡಾವಳಿ ಸಭೆ ಮುಗಿಯುವ ಮುನ್ನವೇ ಬರೆದು, ಓದಿ, ಸಹಿಯಾಗಬೇಕು.

ನಾಲ್ಕನೇ ತಿಂಗಳಿಗೆ ಹೊಸ ತಕರಾರು. ಖಜಾಂಚಿ ಹೇಳದೆ ಕೇಳದೆ ನಿಲಯಕ್ಕೆ ಹೋಗಿ ಕಿರಾಣಿ ಅಂಗಡಿ ಬದಲಿಸಲು ವಾರ್ಡನ್‌ಗೆ ಹೇಳಿದರು, ಉಗ್ರಾಣದ ಕೀಲಿ ಕೇಳಿದರು. ವಾರ್ಡನ್ ಮಾಸ್ತರರ ಬಳಿ ಅತ್ತರು. ಮಾಸ್ತರರಿಗೆ ಸಿಟ್ಟು: "ನೀವ ಹೇಳಿದ್ರಿ ಅಂತ ತಂದಿವ್ರಿ ಅವ್ರಿಗಿ." ಅವರಿಗೆ ವಿವರಿಸಿದ್ದು ಇಷ್ಟು. ಮಂಡಳಿಗೆ ಅಧಿಕಾರ ಇರುವುದು ಸಭೆಯಲ್ಲಿ ಕೂತಾಗ. ಹೊರಗೆ ಒಬ್ಬ ಸದಸ್ಯರು ಸಿಬ್ಬಂದಿಗೆ ಆದೇಶ ಕೊಡುವಂತಿಲ್ಲ. ನಿಲಯ ನೋಡಲು ಬರಬಹುದು, ಬರುವ ಮೊದಲು ಕಾರ್ಯದರ್ಶಿಗೆ ತಿಳಿಸಬೇಕು, ಕಂಡದ್ದನ್ನು ಅಧ್ಯಕ್ಷರಿಗೆ ಬರೆದು ಕೊಡಬೇಕು. ಮಕ್ಕಳ ಸುರಕ್ಷತೆಯ ವಿಷಯ ಮಾತ್ರ ಕಾಯುವಂಥದ್ದಲ್ಲ, ಪೋಕ್ಸೊ ಕಾಯ್ದೆಯಡಿ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಅಪರಾಧದ ಅನುಮಾನ ಬಂದರೆ ನೇರ ಪೊಲೀಸರಿಗೇ ತಿಳಿಸಬೇಕು. ಖಜಾಂಚಿಯವರ ಅನುಮಾನದಲ್ಲೂ ಹುರುಳಿತ್ತು: ಒಂದೇ ಅಂಗಡಿಯಿಂದ ದರಪಟ್ಟಿ ಇಲ್ಲದೆ ಕಿರಾಣಿ ಬರುತ್ತಿತ್ತು. ಮುಂದಿನ ಸಭೆಯಲ್ಲಿ ಮೂರು ಅಂಗಡಿಯ ದರ ತರಿಸುವ ಠರಾವಾಯಿತು.

ಇನ್ನೊಂದು ಕೆಲಸ ಬಾಕಿ ಇದೆ. ಮಾಸ್ತರರ ನಂತರ ಯಾರು? ಸಂಯೋಜಕಿಯೇ ಆಗಲಿ ಎಂಬುದು ಅವರ ಮನಸ್ಸು. ಅದನ್ನು ಅವರೊಬ್ಬರೇ ಘೋಷಿಸದೆ ಮಂಡಳಿಗೆ ಬಿಡಲು ಹೇಳಲಾಗಿದೆ. ಕಾರ್ಯದರ್ಶಿಯ ಕೆಲಸ ಏನೇನು, ಸಂಬಳ ಎಷ್ಟು, ವರ್ಷಕ್ಕೊಮ್ಮೆ ಕೆಲಸದ ಮೌಲ್ಯಮಾಪನ ಯಾರು ಮಾಡಬೇಕು ಎಂಬುದನ್ನು ಮೊದಲು ಬರೆಯಬೇಕು, ಆಮೇಲೆ ಅರ್ಜಿ ಕರೆಯಬೇಕು, ಸಂಯೋಜಕಿಯೂ ಅರ್ಜಿ ಹಾಕಲಿ. ಮಾಸ್ತರು ಆಯ್ಕೆ ಸಮಿತಿಯಲ್ಲಿರುವುದಿಲ್ಲ. ಹೊಸಬರು ಬಂದ ಮೇಲೆ ಮೂರು ತಿಂಗಳು ಜೊತೆಗಿದ್ದು ಕೆಲಸ ಒಪ್ಪಿಸುತ್ತಾರೆ, ಬಳಿಕ ಒಂದು ವರ್ಷ ಮಂಡಳಿಯಿಂದಲೂ ದೂರ ಇರುತ್ತಾರೆ. ಕೊನೆಯ ಮಾತು ಅವರಿಗೆ ಕಷ್ಟವಾಯಿತು, ಆದರೂ ಒಪ್ಪಿ ಮಾರ್ಚ್ ಸಭೆಯ ಕಾರ್ಯಸೂಚಿಗೆ ಹಾಕಿದ್ದಾರೆ.